ಅಂಗಾಲಿನ ಕಪ್ಪು ಮಚ್ಚೆಗೆ ಆ್ಯಪ್ ‘ಅಪಾಯ ಕಡಿಮೆ’ ಎಂದರೆ ನಂಬಬಹುದೇ?

ನೀವು ಕೇಳಿರುವುದು ಇಷ್ಟು: ತಂದೆಗೆ 62 ವರ್ಷ. ಬಲ ಅಂಗಾಲಿನಲ್ಲಿ ಎಂಟು ತಿಂಗಳ ಹಿಂದೆ ಕಾಣಿಸಿಕೊಂಡ ಕಪ್ಪು ಮಚ್ಚೆ ನಿಧಾನವಾಗಿ ಅಗಲವಾಗುತ್ತಿದೆ. ಫೋನಿನ ಎಐ ಆ್ಯಪ್ ಹಸಿರು ಬಣ್ಣದಲ್ಲಿ ‘ಅಪಾಯ ಕಡಿಮೆ’ ಎಂದಿದೆ. ಇದಕ್ಕಿಂತ ಒಳ್ಳೆಯ ಆ್ಯಪ್ ಯಾವುದು?

ಬೇರೆ ಆ್ಯಪ್ ಹುಡುಕಬೇಡಿ. ಇದೇ ವಾರ ಚರ್ಮರೋಗ ತಜ್ಞರಿಗೆ ಕಾಲು ತೋರಿಸಿ. ಅದು ಕ್ಯಾನ್ಸರೇ ಎಂದು ನಾನು ಹೇಳುತ್ತಿಲ್ಲ. ಕಪ್ಪು ಮೈಬಣ್ಣದವರ ಅಂಗಾಲಿನಲ್ಲಿ ವರ್ಷಗಟ್ಟಲೆ ಒಂದೇ ತೆರನಾಗಿ ಇರುವ ತಿಳಿಕಂದು ಕಲೆಗಳು ಬೇಕಾದಷ್ಟಿರುತ್ತವೆ, ಅವುಗಳಿಂದ ತೊಂದರೆಯಿಲ್ಲ. ಆದರೆ ಈ ವಯಸ್ಸಿನಲ್ಲಿ ಹೊಸದಾಗಿ ಹುಟ್ಟಿ ಬೆಳೆಯುತ್ತಿರುವ ಮಚ್ಚೆಯ ಲೆಕ್ಕ ಬೇರೆ. ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೂ ಬಿಸಿಲಿಗೂ ಹೆಚ್ಚು ಸಂಬಂಧವಿಲ್ಲ, ಮತ್ತು ನಮ್ಮಂಥ ಮೈಬಣ್ಣದವರಲ್ಲಿ ಮೆಲನೋಮಾ ಬಂದರೆ ಮುಖ್ಯವಾಗಿ ಹುಡುಕಬೇಕಾದ ಜಾಗಗಳೇ ಇವು. 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡ ಗಾಯಕ ಬಾಬ್ ಮಾರ್ಲಿ ಅವರಿಗೆ ಅದು ಶುರುವಾದದ್ದು ಕಾಲ್ಬೆರಳಿನ ಉಗುರಿನ ಕೆಳಗೆ.

ಆ್ಯಪ್ ಇಲ್ಲೇ ಏಕೆ ಎಡವುತ್ತದೆ ಎಂದರೆ, ಅದು ತಾನು ಕಲಿತ ಚಿತ್ರಗಳಿಗಿಂತ ಜಾಣ ಆಗಲಾರದು. ಈ ಕ್ಷೇತ್ರದಲ್ಲಿ ಬಹಳ ಬಳಕೆಯಲ್ಲಿರುವ ಎಚ್‌ಎಎಂ10000 ಎಂಬ ಸಂಗ್ರಹದಲ್ಲಿ ಚರ್ಮದ ಮಚ್ಚೆಗಳ 10,015 ಚಿತ್ರಗಳಿವೆ. ಅವು ಬಂದದ್ದು ಆಸ್ಟ್ರಿಯಾದ ವಿಯೆನ್ನಾ ಮತ್ತು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಿಂದ, ಅಂದರೆ ಹೆಚ್ಚಾಗಿ ಬಿಳಿ ಚರ್ಮದವು. ಅದರಲ್ಲಿರುವುದು ಏಳೇ ವರ್ಗ. ಆಣಿ, ನರಹುಲಿ, ಮುಳ್ಳು ಚುಚ್ಚಿ ಹೆಪ್ಪುಗಟ್ಟಿದ ರಕ್ತ, ಸಕ್ಕರೆ ಕಾಯಿಲೆಯ ಹುಣ್ಣು ಯಾವುದಕ್ಕೂ ಅಲ್ಲಿ ಸ್ವಂತ ವರ್ಗವಿಲ್ಲ. ಅಂಥದ್ದನ್ನಷ್ಟೇ ಕಲಿತ ಯಂತ್ರದ ಮುಂದೆ ಅಂಗಾಲು ಇಟ್ಟರೆ ಅದು ‘ಗೊತ್ತಿಲ್ಲ’ ಎನ್ನುವುದಿಲ್ಲ, ಏಳರಲ್ಲಿ ಯಾವುದಾದರೂ ಒಂದಕ್ಕೆ ಸೇರಿಸುತ್ತದೆ. 2022ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ನಾನಾ ಮೈಬಣ್ಣಗಳ 656 ಚಿತ್ರಗಳನ್ನು ಒಟ್ಟುಮಾಡಿ ಹೆಸರಾಂತ ಎಐ ಮಾದರಿಗಳನ್ನು ಪರೀಕ್ಷಿಸಿದಾಗ, ಕಪ್ಪು ಚರ್ಮದ ಮೇಲೆ ಅವುಗಳ ಸಾಧನೆ ಎದ್ದು ಕಾಣುವಷ್ಟು ಕುಸಿದಿತ್ತು.

ಜಾಹೀರಾತಿನಲ್ಲಿ ಬರುವ ‘ವೈದ್ಯರಿಗೆ ಸಮ’ ಎಂಬ ಮಾತಿಗೆ ಮೂಲ 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಂಥ ಸಂಶೋಧನೆಗಳು. 1,29,450 ಚಿತ್ರಗಳಿಂದ ಕಲಿತ ಮಾದರಿ 21 ತಜ್ಞರಿಗೆ ಸರಿಸಮವಾಗಿ ನಿಂತಿತ್ತು. ಅದು ಒಳ್ಳೆಯ ಕೆಲಸವೇ, ಆದರೆ ಪರೀಕ್ಷೆ ನಡೆದದ್ದು ಆರಿಸಿಟ್ಟ ಚಿತ್ರಗಳ ಮೇಲೆ. ಮನೆಯ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋ ಬೇರೆಯೇ. 2020ರಲ್ಲಿ ‘ಬಿಎಂಜೆ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಂಥ ಆ್ಯಪ್‌ಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿ ಬಂತು. ಯುರೋಪಿನಲ್ಲಿ ಮಾರಲು ಬೇಕಾದ ಸಿಇ ಗುರುತು ಇದ್ದ ಒಂದು ಆ್ಯಪ್ ಕೂಡ 100 ಅಪಾಯದ ಮಚ್ಚೆಗಳಲ್ಲಿ ಸುಮಾರು 80ನ್ನಷ್ಟೇ ಹಿಡಿದಿತ್ತು. ಅದೂ ಸಂಶೋಧಕರೇ ಆರಿಸಿದ ಮಚ್ಚೆಗಳಲ್ಲಿ, ಅವರೇ ತೆಗೆದ ಫೋಟೋಗಳಲ್ಲಿ.

ನಿಮ್ಮ ಆ್ಯಪ್ ಎಷ್ಟು ಗಟ್ಟಿ ಎಂದು ನೋಡಬೇಕಾದರೆ ಅದೇ ಮಚ್ಚೆಯ ಐದು ಫೋಟೋ ತೆಗೆಯಿರಿ: ಕಿಟಕಿಯ ಬೆಳಕಲ್ಲಿ, ಫ್ಲ್ಯಾಷ್ ಹಾಕಿ, ಫೋನ್ ಸ್ವಲ್ಪ ಓರೆ ಹಿಡಿದು, ಹತ್ತಿರದಿಂದ, ದೂರದಿಂದ. ಹಸಿರು ಒಮ್ಮೆ ಹಳದಿಯಾದರೂ ಉತ್ತರ ಸಿಕ್ಕಿತು. ಒಳಗೆ ನಡೆಯುವುದು 0ಯಿಂದ 1ರ ನಡುವಿನ ಒಂದು ಅಂಕ, ಕಂಪನಿ ಎಳೆದ ಗೆರೆಯ ಆಚೆಗೋ ಈಚೆಗೋ ಎಂಬ ಲೆಕ್ಕ. ಗೆರೆಯ ಹತ್ತಿರವಿದ್ದರೆ ಒಂದಿಷ್ಟು ನೆರಳು ಬಿದ್ದರೂ ದಾಟಿಬಿಡುತ್ತದೆ. ಮಚ್ಚೆಯ ಸುತ್ತ ವೈದ್ಯರು ಎಳೆದ ನೇರಳೆ ಶಾಯಿಯ ಗುರುತು ಇದ್ದರೆ ಎಐ ಸಾಧು (ಕ್ಯಾನ್ಸರ್ ಅಲ್ಲದ) ಮಚ್ಚೆಯನ್ನೂ ಮೆಲನೋಮಾ ಎಂದುಬಿಡುವುದು 2019ರ ಅಧ್ಯಯನದಲ್ಲೇ ಕಂಡುಬಂದಿದೆ. ಐದು ಸಲವೂ ಹಸಿರೇ ಬಂತೆಂದು ಸಮಾಧಾನ ಪಡಬೇಡಿ, ಒಂದೇ ತಪ್ಪನ್ನು ಐದು ಸಲ ಮಾಡುವುದೂ ಅದಕ್ಕೆ ಸಾಧ್ಯ.

ತಜ್ಞರು ನೋಡುವುದೇ ಬೇರೆ. ಅಂಗಾಲಿನ ಚರ್ಮ ಉತ್ತ ಹೊಲದಂತೆ: ದಿಂಡು, ಸಾಲು, ದಿಂಡು, ಸಾಲು. ಬೆವರಿನ ರಂಧ್ರಗಳು ದಿಂಡಿನ ನೆತ್ತಿಯ ಮೇಲೆ ಬಿಳಿ ಚುಕ್ಕಿಗಳಾಗಿ ಕಾಣುತ್ತವೆ. ಸಾಧು ಮಚ್ಚೆಯ ಬಣ್ಣ ಸಾಮಾನ್ಯವಾಗಿ ಸಾಲಿನೊಳಗೆ ತೆಳು ಗೆರೆಯಾಗಿ ಓಡುತ್ತದೆ. ಮೆಲನೋಮಾದ ಬಣ್ಣ ದಿಂಡಿನ ಮೇಲೆ ಅಗಲ ಪಟ್ಟೆಯಾಗಿ ಕೂರುತ್ತದೆ. ಈ ವ್ಯತ್ಯಾಸ ಕಾಣಲು ಸುಮಾರು 10 ಪಟ್ಟು ಹಿಗ್ಗಿಸಿ, ಚರ್ಮದ ಹೊಳಪನ್ನು ಅಡಗಿಸಿ ತೋರಿಸುವ ಡರ್ಮೊಸ್ಕೋಪ್ ಬೇಕು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ‘ಡರ್ಮೊಸ್ಕೋಪ್ ಇದೆಯಾ?’ ಎಂದು ಕೇಳಿ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲೂ ವಿಚಾರಿಸಬಹುದು.

ಫೋನ್ ಉಪಯೋಗಕ್ಕೆ ಬಾರದು ಎಂದಲ್ಲ. ದಾಖಲೆ ಇಡಲು ಅದಕ್ಕಿಂತ ಒಳ್ಳೆಯ ಸಾಧನ ಮನೆಯಲ್ಲಿಲ್ಲ. ಎಣ್ಣೆ, ಮುಲಾಮು, ಅರಿಶಿನ ಏನೇ ಹಚ್ಚಿದ್ದರೂ ತೊಳೆದು ಒರೆಸಿ. ಹಿಂಬದಿಯ ಮುಖ್ಯ ಕ್ಯಾಮೆರಾದಿಂದ 15–20 ಸೆಂ.ಮೀ. ದೂರದಲ್ಲಿ, ನೇರ ಬಿಸಿಲಿಲ್ಲದ ಕಿಟಕಿಯ ಬೆಳಕಲ್ಲಿ ತೆಗೆಯಿರಿ. ಫ್ಲ್ಯಾಷ್, ಬ್ಯೂಟಿ ಮೋಡ್ ಎರಡೂ ಬೇಡ. ಕಪ್ಪು ಚರ್ಮ ಕಂಡರೆ ಫೋನ್ ತಾನಾಗಿಯೇ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ, ಆಗ ಕಪ್ಪೊಳಗಿನ ಕಂದು, ನೀಲಿ ಛಾಯೆಗಳು ಅಳಿಸಿಹೋಗುತ್ತವೆ. ಮಚ್ಚೆಯ ಮೇಲೆ ಬೆರಳೊತ್ತಿ ಫೋಕಸ್ ಮಾಡಿ ಬೆಳಕನ್ನು ಸ್ವಲ್ಪ ಇಳಿಸಿ. ಇಡೀ ಪಾದದ್ದು ಒಂದು, ಮಿ.ಮೀ. ಗೆರೆ ಇರುವ ಸ್ಕೇಲ್ ಪಕ್ಕಕ್ಕಿಟ್ಟು ಹತ್ತಿರದ್ದು ಒಂದು. ದೂರದ ವೈದ್ಯರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗಿ ವಿವರ ಹೋಗುತ್ತದೆ. ಎಂಟು ತಿಂಗಳಲ್ಲಿ ಯಾರಾದರೂ ತೆಗೆದ ಹಳೆಯ ಫೋಟೋ ಇದ್ದರೆ ಅದೂ ಬೇಕು. ಬೆಳೆದಿದೆ ಎಂಬುದಕ್ಕೆ ಅದೇ ಸಾಕ್ಷಿ.

ಹೋಗುವ ಮುಂಚೆ ಇನ್ನೊಂದು ಪಾದ, ಬೆರಳ ಸಂದುಗಳು, ಅಂಗೈ, ಇಪ್ಪತ್ತು ಉಗುರುಗಳನ್ನೂ ನೋಡಿ. ಒಂದೇ ಉಗುರಿನಲ್ಲಿ ಕಪ್ಪು ಪಟ್ಟೆ ಅಗಲವಾಗುತ್ತಿದ್ದರೆ, ಬಣ್ಣ ಉಗುರಿನ ಬುಡದ ಚರ್ಮಕ್ಕೂ ಇಳಿದಿದ್ದರೆ ತಪ್ಪದೆ ಹೇಳಿ.

ಇನ್ನೊಂದು ಮಾತು, ಇದನ್ನು ಕೈಮುಗಿದು ಕೇಳುತ್ತೇನೆ: ಆಣಿ ಇರಬೇಕು ಎಂದು ಯಾರಿಂದಲೂ ಅದನ್ನು ಸುಡಿಸಬೇಡಿ, ಕೊಯ್ಯಿಸಬೇಡಿ, ಆಸಿಡ್ ಹಚ್ಚಿಸಬೇಡಿ, ಲೇಸರ್‌ನಲ್ಲಿ ತೆಗೆಸಬೇಡಿ. ಸುಟ್ಟ ಮಾಂಸವನ್ನು ಸೂಕ್ಷ್ಮದರ್ಶಕದಲ್ಲಿ ಓದಲಾಗದು. ಮೆಲನೋಮಾ ಆಗಿದ್ದರೆ ಮುಂದಿನ ಚಿಕಿತ್ಸೆ ಬಹುಪಾಲು ನಿಂತಿರುವುದು ಅದು ಎಷ್ಟು ಮಿ.ಮೀ. ಆಳಕ್ಕಿಳಿದಿದೆ ಎಂಬುದರ ಮೇಲೆ, ಆ ಅಳತೆಯೇ ಕಳೆದುಹೋಗುತ್ತದೆ. ಅನುಮಾನ ಬಂದರೆ ವೈದ್ಯರು ಸಾಧ್ಯವಾದಷ್ಟೂ ಇಡೀ ಮಚ್ಚೆಯನ್ನು 1–3 ಮಿ.ಮೀ. ಅಂಚು ಸೇರಿಸಿ ತೆಗೆಯುತ್ತಾರೆ. ತುಂಬ ದೊಡ್ಡದಿದ್ದರೆ ಒಂದು ತುಂಡು ತೆಗೆಯುತ್ತಾರೆ. ತೆಗೆದದ್ದನ್ನು ಪೂರ್ತಿ ಫಾರ್ಮಲಿನ್‌ನಲ್ಲಿ ಹಾಕಿ ಪೆಥಾಲಜಿಗೆ ಕಳಿಸಲು ಹೇಳಿ. ಚೀಟಿಯಲ್ಲಿ ‘ಅಂಗಾಲು, ಎಂಟು ತಿಂಗಳು, ಬೆಳೆಯುತ್ತಿದೆ, ಮೆಲನೋಮಾ ಶಂಕೆ’ ಎಂಬ ವಿವರ ಇದೆಯೇ ನೋಡಿಕೊಳ್ಳಿ. ವರದಿ ಬಂದಾಗ ಅದರ ಜೊತೆಗೆ ಸ್ಲೈಡ್ ಮತ್ತು ತೆಗೆದ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೂಡ ಕೇಳಿ ಪಡೆಯಿರಿ. ಮುಂದೆ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅಲ್ಲಿಯ ಪೆಥಾಲಜಿಸ್ಟ್ ಅವನ್ನೇ ಮತ್ತೊಮ್ಮೆ ನೋಡಬಹುದು.