ಯಾವ ಮನೆಯವರು ಅಂತ ಮೊದ್ಲು ಹೇಳಿ

ನಿಮ್ಮ ಅಜ್ಜ ಕುಂಬಳೆ ಕಡೆಯಿಂದ ಮುಂಬೈಗೆ ಹೋದವ್ರು, ಅವ್ರ ಹಿಂದಿನವ್ರು ಯಾರು ಅಂತ ಹುಡುಕ್ಬೇಕು, ಕಾಸರಗೋಡಿಗೆ ಬಂದ್ರೆ ಎಲ್ಲಿ ಕೇಳೋದು ಅಂದ್ರಲ್ಲ. ನಾನು ಇಲ್ಲೇ ಹುಟ್ಟಿ ಬೆಳೆದವ, ನಮ್ಮ ಕುಟುಂಬದ್ದು ಒಂದು ವಂಶಾವಳಿ ಮಾಡುವ ಅಂತ ಹೊರಟು ಆರೇಳು ವರ್ಷ ಆಯ್ತು, ಇನ್ನೂ ಮುಗಿಲಿಲ್ಲ, ಹಾಗಾಗಿ ಗೊತ್ತಿದ್ದಷ್ಟು ಹೇಳ್ತೇನೆ.

ನೀವು ಬರೆದದ್ರಲ್ಲಿ ಅಜ್ಜನ ಹೆಸರುಂಟು, ಅಜ್ಜನ ಅಪ್ಪನ ಹೆಸರುಂಟು, ಊರೂ ಉಂಟು, ಮನೆ ಹೆಸರೇ ಇಲ್ಲ ಮಾರಾಯ್ರೆ. ಇಲ್ಲಿ ಯಾರ ಹತ್ರ ಹೋಗಿ ಐತಪ್ಪ ಅಂತ ಒಬ್ರಿದ್ರಲ್ಲ ಅಂತ ಕೇಳಿದ್ರೂ ಅವ್ರು ತಿರುಗಿ ಕೇಳೋದು ಯಾವ ಮನೆ ಐತಪ್ಪ ಅಂತ. ಮತ್ತೆ ಹೆಸರಿನ ಮುಂದೆ ಕೆ. ಅಂತ ಇರೋದನ್ನ ನೀವು ಅಪ್ಪನ ಹೆಸರು ಅಂತ ತಿಳ್ಕೊಂಡಿದ್ದೀರಿ, ಇರ್ಲೂಬಹುದು, ಆದ್ರೆ ನಮ್ಮ ಕಡೆ ಹಳಬರ ಇನಿಶಿಯಲ್ ಹೆಚ್ಚಾಗಿ ಮನೆದ್ದು, ಇಲ್ಲಾಂದ್ರೆ ಜಾಗದ್ದು. ಮುಂಬೈಗೆ ಹೋದ ಮೇಲೆ ಅಲ್ಲಿಯ ಫಾರ್ಮಿಗೆ ಅಪ್ಪನ ಹೆಸರು, ಸರ್‌ನೇಮ್ ಎಲ್ಲ ಬೇಕಲ್ಲ, ಅಲ್ಲಿ ಮನೆ ಹೆಸರು ಬಿದ್ದುಹೋಗಿ ಶೆಟ್ಟಿ, ರೈ, ಪೂಜಾರಿ ಅಂತ ಮಾತ್ರ ಉಳಿದದ್ದು.

ಎರಡನೇದ್ದು, ಇದು ಮನೆ ಹೆಸರಿಗಿಂತ ದೊಡ್ಡ ವಿಷಯ, ನಿಮ್ಮದು ಅಳಿಯಕಟ್ಟಾ ಮಕ್ಕಳಕಟ್ಟಾ? ಬೆಂಗಳೂರು ಮೈಸೂರು ಕಡೆಯವ್ರಿಗೆ ಇದು ತಲೆಗೆ ಹೋಗ್ಲಿಕ್ಕೆ ಸ್ವಲ್ಪ ಹೊತ್ತು ಬೇಕು. ಬ್ರಾಹ್ಮಣರು, ಕೊಂಕಣಿಯವ್ರು ಮಕ್ಕಳಕಟ್ಟು, ಅಂದ್ರೆ ಅಪ್ಪನಿಂದ ಮಗನಿಗೆ. ಬಂಟರು, ಬಿಲ್ಲವರು, ಮೊಗವೀರರು ಇವ್ರಲ್ಲೆಲ್ಲ ಅಳಿಯಕಟ್ಟು, ಕುಟುಂಬ ನಡೆಯೋದು ತಾಯಿಯಿಂದ, ಬರಿ ಅಂತ ತುಳುವಲ್ಲಿ ಹೇಳ್ತೇವಲ್ಲ, ಗೋತ್ರದ ಹಾಗೆ ಕುಲದ ಹೆಸರು, ಅದೂ ತಾಯಿದ್ದೇ. ತೆಂಕಿಗೆ ಹೋದ್ರೆ ನಾಯರ್, ತೀಯ ಮನೆಗಳಲ್ಲಿ ಇದನ್ನೇ ಮರುಮಕ್ಕತ್ತಾಯಂ ಅಂತಾರೆ, ಮನೆಗೆ ತರವಾಡು ಅಂತಾರೆ. ಅಳಿಯಕಟ್ಟಿನ ಮನೆಯಲ್ಲಿ ಪಟ್ಟೆ, ಅಂದ್ರೆ ಜಾಗದ ಹಕ್ಕಿನ ದಾಖಲೆ, ಇರ್ತಿದ್ದದ್ದು ಯಜಮಾನನ ಹೆಸರಲ್ಲಿ, ಅವ ತೀರಿಹೋದ್ರೆ ಹೋಗ್ತಿದ್ದದ್ದು ಅವನ ಮಗನಿಗಲ್ಲ, ತಮ್ಮನಿಗೆ, ಇಲ್ಲಾಂದ್ರೆ ತಂಗಿಯ ಮಗನಿಗೆ. ಮಗ ತನ್ನ ತಾಯಿಮನೆಯಲ್ಲಿ ಇರ್ತಿದ್ದ, ಅವನ ಪಾಲು ಅಲ್ಲಿ.

ನಾನೇ ಇದ್ರಲ್ಲಿ ಬಿದ್ದದ್ದು. ಜಾಗದ ಹಳೆ ಕಾಗದ ನೋಡಿ ಒಬ್ಬರ ಹೆಸರಿಂದ ಇನ್ನೊಬ್ಬರ ಹೆಸರಿಗೆ ಹೋದದ್ದನ್ನೆಲ್ಲ ಅಪ್ಪ ಮಗ ಅಂತ ಗೆರೆ ಎಳ್ಕೊಂಡು ನಾಲ್ಕು ತಲೆಮಾರು ಚಂದ ಚಾರ್ಟ್ ಪೇಪರಲ್ಲಿ ಬರೆದು ದೊಡ್ಡಮ್ಮನಿಗೆ ತೋರಿಸ್ಲಿಕ್ಕೆ ಹೋದೆ. ಅವ್ರು ಕನ್ನಡಕ ಹಾಕಿ ನೋಡಿ ಒಂದೊಂದರ ಮೇಲೆ ಬೆರಳಿಟ್ರು. ಇದು ಮಾವ. ಇದೂ ಮಾವ. ಇದು ಅಪ್ಪನೂ ಅಲ್ಲ ಮಾವನೂ ಅಲ್ಲ, ಅಜ್ಜಿಯ ತಮ್ಮ, ಮದುವೆ ಆಗ್ಲಿಲ್ಲ. ಮತ್ತೆ ಕೇಳಿದ್ರು, ಹೆಂಗಸರೆಲ್ಲ ಎಲ್ಲಿ ಮಗಾ? ಅಷ್ಟರವರೆಗೆ ನನ್ನ ಚಾರ್ಟಲ್ಲಿ ಒಂದು ಹೆಂಗಸಿನ ಹೆಸರೂ ಇರ್ಲಿಲ್ಲ, ಅಳಿಯಕಟ್ಟಿನ ಕುಟುಂಬದ ವಂಶಾವಳಿಯಲ್ಲಿ!

ಹೆಂಗಸರ ಹೆಸರು ಸಿಗೋದು ಎಲ್ಲಿ ಅಂದ್ರೆ ಪಾಲಿನ ಕಾಗದದಲ್ಲಿ. 1949ರ ಮೊದಲು ಅಳಿಯಸಂತಾನದ, ಅಂದ್ರೆ ಅಳಿಯಕಟ್ಟಿನ ಮನೆಯಲ್ಲಿ ಎಲ್ಲರೂ ಒಪ್ಪದೆ ಪಾಲು ಕೇಳ್ಲಿಕ್ಕೇ ಆಗ್ತಿರ್ಲಿಲ್ಲ, ಆ ವರ್ಷ ಮದ್ರಾಸ್ ಸರ್ಕಾರ ಅಳಿಯಸಂತಾನ ಕಾಯ್ದೆ ಅಂತ ತಂದು ಕವರು ಕವರಾಗಿ ಪಾಲಾಗಬಹುದು ಅಂತ ಆಯ್ತು. ಕವರು ಅಂದ್ರೆ ಒಬ್ಬಳು ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು ಹೀಗೆ ಇಳಿದು ಬಂದ ಕವಲು. ಮುಂದೆ ಹೆಣ್ಣು ಸಂತತಿ ಇಲ್ಲದ್ದಕ್ಕೆ ನಿಸ್ಸಂತತಿ ಕವರು ಅಂತ ಬೇರೆ ಹೆಸರು, ಪಾಲಿನ ಲೆಕ್ಕವೂ ಬೇರೆ. ಯಾರ್ಯಾರು ಯಾವ ಕವರು ಅಂತ ಸಾಬೀತು ಮಾಡ್ಬೇಕಲ್ಲ, ಹಾಗಾಗಿ ದಾವೆ ಹೂಡುವಾಗ ಜೊತೆಗೆ ಒಂದು ವಂಶಾವಳಿ ಇಡ್ತಿದ್ರು, ಮೇಲೆ ಒಬ್ಬಳು ಅಜ್ಜಿಯ ಹೆಸರು, ಕೆಳಗೆ ಅವಳ ಸಂತತಿ ಪೂರ್ತಿ, ತೀರಿಹೋದವ್ರೂ ಸೇರಿ. ಎದುರು ಪಾರ್ಟಿ ಒಂದು ಹೆಸರು ತಪ್ಪಿದ್ರೂ ಬಿಡುವವ್ರಲ್ಲ, ಅದಕ್ಕೇ ಇದ್ರಷ್ಟು ನಂಬ್ಲಿಕ್ಕಾಗುವ ದಾಖಲೆ ನಾನು ಬೇರೆ ನೋಡ್ಲಿಲ್ಲ. ನಮ್ಮ ಕುಟುಂಬ ಜಗಳ ಮಾಡಿದ್ದು ಒಳ್ಳೇದಾಯ್ತು ಅಂತ ಅನ್ನಿಸಿದ್ದು ನಮ್ಮ ದಾವೆಯ ಕಾಗದ ಸಿಕ್ಕಿದ ಅವತ್ತೊಂದು ದಿನ. ನಿಮ್ಮ ಕುಟುಂಬದ್ದೂ ದಾವೆ ನಡೆದಿದ್ರೆ ಕಾಪಿ ಯಾರದ್ದಾದ್ರೂ ಮನೆಯ ಪೆಟ್ಟಿಗೆಯಲ್ಲಿ ಇದ್ದೇ ಇರ್ತದೆ. 1976ರ ಡಿಸೆಂಬರಿಂದ ಕೇರಳದಲ್ಲಿ ಕೂಡುಕುಟುಂಬ ಪದ್ಧತಿಯೇ ಕಾನೂನಲ್ಲಿ ಹೋಯ್ತು, ಮತ್ತೆ ಇಂಥ ಕಾಗದ ಕಮ್ಮಿ.

ಈಗ ಭಾಷೆ ವಿಷಯ. ನಮ್ಮ ಪಿಜ್ಜ, ಅಂದ್ರೆ ಮುತ್ತಜ್ಜ, ಹುಟ್ಟಿದ್ದು ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕೆನರಾ ಜಿಲ್ಲೆಯಲ್ಲಿ, ಅಜ್ಜ ಅದೇ ಮನೆಯಲ್ಲಿ 1956ರ ನವೆಂಬರ್ 1ಕ್ಕೆ ಬೆಳಿಗ್ಗೆ ಎದ್ದಾಗ ಕೇರಳ, ಮಾರನೇ ವರ್ಷ ಕಣ್ಣೂರು ಜಿಲ್ಲೆ, 1984ರ ಮೇ 24ಕ್ಕೆ ಕಾಸರಗೋಡು ಜಿಲ್ಲೆ. ಮನೆ ಅಲ್ಲೇ ಉಂಟು, ಅಂಗಳವೂ ಅದೇ. 1967ರಲ್ಲಿ ಮಹಾಜನ ವರದಿ ಚಂದ್ರಗಿರಿ ಹೊಳೆಯಿಂದ ಬಡಗಿನದ್ದು ಕರ್ನಾಟಕಕ್ಕೆ ಸೇರ್ಬೇಕು ಅಂತ ಹೇಳಿತ್ತು, ಅದು ಹಾಗೇ ಉಳೀತು, ಆ ಕಥೆ ಈಗ ಬೇಡ. ನಿಮಗೆ ಬೇಕಾದದ್ದು ಇಷ್ಟು, 56ರ ಹಿಂದಿನ ಜಾಗದ ಕಾಗದ ಕನ್ನಡದಲ್ಲಿ, ಈಚೆಗಿನದ್ದು ಹೆಚ್ಚಿನದ್ದು ಮಲಯಾಳದಲ್ಲಿ. ಹೊಸದುರ್ಗದ ಕಡೆ ನನ್ನ ಒಬ್ಬ ಫ್ರೆಂಡ್ ಇದ್ದಾನೆ, ಅಪ್ಪಟ ಮಲಯಾಳಿ, ಮನೆಯಲ್ಲಿ ಕನ್ನಡ ಒಂದಕ್ಷರ ಯಾರಿಗೂ ಬರೋದಿಲ್ಲ, ಅವನ ಅಜ್ಜನ ಆಧಾರ, ಅಂದ್ರೆ ಜಾಗದ ಪತ್ರ, ಪೂರ್ತಿ ಕನ್ನಡದಲ್ಲುಂಟು. ಅವನದ್ದನ್ನ ನಾನು ಓದಿ ಹೇಳೋದು, ನನ್ನ ಅಪ್ಪನ ಕಾಲದ್ದನ್ನ ಅವ ಓದಿ ಹೇಳೋದು.

ಒಂದು ಆಫೀಸಲ್ಲಂತೂ ಹಳೆ ರಿಜಿಸ್ಟರ್ ತೆಗೆದ ಹುಡುಗನಿಗೆ ಕನ್ನಡ ಬರ್ತಿರ್ಲಿಲ್ಲ, ಪುಸ್ತಕ ನನ್ನ ಕಡೆ ತಿರುಗಿಸಿ ನಿಮ್ಮದು ಯಾವುದು ಅಂತ ನೀವೇ ನೋಡಿ ಚೇಟಾ ಅಂದ. ಪಾಪ, ಅವನದ್ದೇನೂ ತಪ್ಪಿಲ್ಲ, ಕನ್ನಡ ಗೊತ್ತಿದ್ದವ್ರನ್ನ ಹಾಕ್ಬೇಕಾದದ್ದು ಮೇಲಿನವ್ರು. ಆ ಹಳೆ ಕಾಗದಗಳ ಕನ್ನಡವೂ ಸುಲಭದ್ದಲ್ಲ, ಕೂಡಕ್ಷರ, ಚುಕ್ಕಿ ಇಲ್ಲ ನಿಲ್ಲೋದಿಲ್ಲ, ಮೂಲಗೇಣಿ, ಚಾಲಗೇಣಿ, ವರ್ಗ, ಕುಮ್ಕಿ, ಬೈಲು ಮಜಲು ಬೆಟ್ಟು ಅಂತ ಗೇಣಿಯ, ಜಾಗದ ಬಗೆಗಳು, ಇಷ್ಟು ಮುಡಿ ಅಕ್ಕಿ ಗೇಣಿ ಅಂತ ಹೋಗ್ತಾ ಇರ್ತದೆ. ಗೇಣಿಯವ್ರ ಕುಟುಂಬ ಆದ್ರೆ ಹಳೆ ಪಟ್ಟೆಯಲ್ಲಿ ನಿಮ್ಮವ್ರ ಹೆಸರು ಹುಡುಕ್ಬೇಡಿ, ಅದು ಧಣಿಗಳ ಹೆಸರಲ್ಲಿರ್ತದೆ. 1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಪದ್ಧತಿ ಹೋಗಿ ಲ್ಯಾಂಡ್ ಟ್ರಿಬ್ಯೂನಲಿಂದ ಪಟ್ಟೆ ಸಿಕ್ಕಿತಲ್ಲ, ನಿಮ್ಮವ್ರು ಸಿಗೋದು ಆ ಫೈಲಲ್ಲಿ.

ಕನ್ನಡದಿಂದ ಮಲಯಾಳಕ್ಕೆ, ಮಲಯಾಳದಿಂದ ಇಂಗ್ಲಿಷಿಗೆ ಹೋಗುವಾಗ ಐತಪ್ಪ ಐತ್ತಪ್ಪ ಆಗ್ತಾನೆ, ಕುಂಬಳೆ ಕುಂಬಳ ಆಗ್ತದೆ, ಮಂಜೇಶ್ವರ ಮಂಜೇಶ್ವರಂ. ಕಂಪ್ಯೂಟರಲ್ಲಿ ಹುಡುಕುವಾಗ ಒಂದೇ ಸ್ಪೆಲ್ಲಿಂಗ್ ಹಾಕಿ ಇಲ್ಲ ಅಂತ ಬಿಟ್ಟುಬಿಡ್ಬೇಡಿ.

ಹಳೆ ಪೇಪರಲ್ಲಿ ಸಾವಿನ ಸುದ್ದಿ ಹುಡುಕಿದ್ರೆ ಸಿಗ್ತದಾ ಅಂತಲೂ ಕೇಳಿದ್ರಲ್ಲ, ಅದು ನನ್ನ ಇಷ್ಟದ ವಿಷಯ. ಉದಯವಾಣಿ 1970ರಲ್ಲಿ ಶುರುವಾದದ್ದು, ಅದಕ್ಕಿಂತ ಹಿಂದಿನ ಪೇಪರಲ್ಲಿ ದೊಡ್ಡವ್ರನ್ನ ಬಿಟ್ಟು ನಮ್ಮಂಥವ್ರ ಸಾವು ಬರೋದು ಕಮ್ಮಿ. ಕನ್ನಡ ಪೇಪರಿನ ನಿಧನ ಸುದ್ದಿ ನಿಮಗೂ ಬಾಯಿಪಾಠ ಇರ್ಬಹುದು, ಇಲ್ಲಿಗೆ ಸಮೀಪದ ಇಂಥಲ್ಲಿಯ ನಿವಾಸಿ, ಪ್ರಗತಿಪರ ಕೃಷಿಕ, ಅಲ್ಪಕಾಲದ ಅಸೌಖ್ಯದಿಂದ ಸ್ವಗೃಹದಲ್ಲಿ ನಿಧನ ಹೊಂದಿದರು, ಮೃತರು ಪತ್ನಿ, ಮೂವರು ಪುತ್ರರು, ಇಬ್ಬರು ಪುತ್ರಿಯರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಓದ್ಲಿಕ್ಕೆ ಚಂದ, ಆದ್ರೆ ಆ ಅಪಾರ ಬಂಧುಬಳಗ ಯಾರು ಅಂತ ಹೇಳಿದ್ರೆ ತಾನೇ ನಮಗೆ ಉಪಕಾರ ಆಗೋದು! ಮಲಯಾಳ ಪೇಪರಿನ ಚರಮ ಪೇಜ್, ಅಂದ್ರೆ ನಿಧನ ಸುದ್ದಿಯ ಪುಟ, ಹಾಗಲ್ಲ, ಅದು ಲೆಕ್ಕಪತ್ರ. ಭಾರ್ಯ ಇಂಥವ್ರು, ಮಕ್ಕಳ್ ಅಂತ ಎಲ್ಲರ ಹೆಸರು, ಯಾರು ಗಲ್ಫಲ್ಲಿದ್ದಾರೆ ಯಾರು ಟೀಚರ್ ಅದೂ ಉಂಟು, ಸಹೋದರಙ್ಙಳ್ ಅಂತ ಅಣ್ಣ ತಮ್ಮ ಅಕ್ಕ ತಂಗಿ, ತೀರಿಹೋದವ್ರ ಹೆಸರಿಗಿಂತ ಮೊದ್ಲು ಪರೇತನಾಯ ಅಂತ. ನಮ್ಮವ್ರು ಎಷ್ಟೋ ಮಂದಿಯ ಮಕ್ಕಳ ಪೂರ್ತಿ ಹೆಸರು ನನಗೆ ಸಿಕ್ಕಿದ್ದು ಮಲಯಾಳ ಪೇಪರಲ್ಲಿ, ಕನ್ನಡಾಭಿಮಾನಿ ಆಗಿ ಹೇಳ್ಲಿಕ್ಕೆ ನಾಚಿಕೆ ಆದ್ರೂ ಸತ್ಯ.

ಅಲ್ಲೊಂದು ಗುಂಡಿ ಉಂಟು, ನೋಡಿ ಕಾಲಿಡಿ. ಚರಮ ಪೇಜಲ್ಲಿ ಮರುಮಕ್ಕಳ್ ಅಂದ್ರೆ ಅಳಿಯಂದಿರು ಸೊಸೆಯಂದಿರು, ಮಕ್ಕಳನ್ನ ಮದುವೆ ಆದವ್ರು. ಅದೇ ಶಬ್ದ ಹಳೆ ತರವಾಡಿನ ಕಾಗದದಲ್ಲಿದ್ರೆ ಅಕ್ಕತಂಗಿಯರ ಮಕ್ಕಳು. ಕನ್ನಡದ ಅಳಿಯ ಕೂಡ ಹಾಗೇ ಅಲ್ವಾ, ಮಗಳ ಗಂಡನೂ ಅಳಿಯ, ತಂಗಿಯ ಮಗನೂ ಅಳಿಯ, ಸೋದರಳಿಯ ಅಂತ ಬಿಡಿಸಿ ಬರೆಯುವಷ್ಟು ಪುರುಸೊತ್ತು ಹಳಬರಿಗೆ ಇರ್ಲಿಲ್ಲ, ಯಾಕೆ ಅಂದ್ರೆ ಓದುವವ್ರಿಗೆಲ್ಲ ಗೊತ್ತಿತ್ತು. ಸೋದರಮಾವನ ಮಗಳನ್ನೇ ಮದುವೆ ಆಗ್ತಿದ್ದ ಕಾರಣ ಕೆಲವು ಮನೆಯಲ್ಲಿ ಎರಡೂ ಅಳಿಯ ಒಬ್ಬನೇ ಆಗಿರ್ತಾನೆ, ಆಗ ತಲೆಬಿಸಿಯೇ ಇಲ್ಲ.

ಪೇಪರಿಗಿಂತ ಒಳ್ಳೇದು ಬೊಜ್ಜದ ಕಾಗದ. ಉತ್ತರಕ್ರಿಯೆಗೆ ಕರೆಯಲಿಕ್ಕೆ ಪ್ರಿಂಟ್ ಮಾಡಿಸಿದ ಕಾರ್ಡು, ಕೆಳಗೆ ಮಕ್ಕಳು, ಮೊಮ್ಮಕ್ಕಳು, ಕುಟುಂಬಸ್ಥರು ಅಂತ ಹೆಸರು, ಮನೆ ಹೆಸರು, ತಾರೀಕು ಎಲ್ಲ ಇರ್ತದೆ. ಅಶುಭ ಅಂತ ಇದನ್ನ ಮನೆಯೊಳಗೆ ಇಟ್ಕೊಳ್ಳೋದಿಲ್ಲ ಹೆಚ್ಚಿನವ್ರು, ಹರಿದು ಬಿಸಾಡ್ತಾರೆ, ಮದುವೆ ಕಾಗದ ಮಾತ್ರ ಜೋಪಾನ. ನಾನು ಸಿಕ್ಕಿದ ಕಡೆಯಿಂದೆಲ್ಲ ಫೋಟೋ ತೆಗೆದಿಟ್ಟಿದ್ದೇನೆ, ಮನೆಯವ್ಳು ಬೈತಾಳೆ.

ತಾರೀಕಿನದ್ದು ಬೇರೆಯೇ ತಲೆನೋವು. ಶ್ರಾದ್ಧ ಮಾಡುವ ಮನೆಯವ್ರಿಗೆ ಅಜ್ಜ ಹೋದ ತಿಂಗಳು, ಪಕ್ಷ, ತಿಥಿ ಪಕ್ಕಾ ಗೊತ್ತುಂಟು, ವರ್ಷ ಕೇಳಿದ್ರೆ ಮುಖ ನೋಡ್ತಾರೆ. ಅಲ್ಲಿ ಮೂರು ತಲೆಮಾರಿನ ಹೆಸರೂ ಹೇಳ್ತಾರೆ, ಆದ್ರೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ, ಹಾಗಾಗಿ ಶಂಕರ ಈಶ್ವರ ಶಂಕರ ಈಶ್ವರ ಅಂತ ಹೋಗ್ತಾ ಯಾವ ಶಂಕರ ಅಂತ ಗೊತ್ತಾಗೋದಿಲ್ಲ. ಹಳೆ ಕಾಗದದಲ್ಲಿ ರಕ್ತಾಕ್ಷಿ ಸಂವತ್ಸರ ಅಂತ ಇದ್ರೆ ಅದು 1924ಕ್ಕೂ ಬರ್ತದೆ, 60 ವರ್ಷ ಹಿಂದೆ 1864ಕ್ಕೂ ಬರ್ತದೆ. ಮಲಯಾಳದ್ದಾದ್ರೆ ಕೊಲ್ಲವರ್ಷ, ಅದಕ್ಕೆ 825 ಕೂಡಿಸಿ, ತಿಂಗಳು ನೋಡಿ ಒಂದು ಕಳೀಬೇಕಾಗ್ತದೆ. ಅಜ್ಜಿಯಂದಿರು ಮಾರಿಬೊಳ್ಳದ ವರ್ಷ ಅಂದ್ರೆ 1923ರ ನೆರೆ ಅಂತ ತಿಳ್ಕೊಳ್ಳಿ. ಶಾಲೆಯ ದಾಖಲೆಯಲ್ಲಿ ಮನೆ ಹೆಸರು ಸಿಗ್ತದೆ, ಆದ್ರೆ ಹುಟ್ಟಿದ ದಿನ ನಂಬ್ಬೇಡಿ, ಜೂನಲ್ಲಿ ಶಾಲೆ ಶುರು ಅಂತ ಮಾಷ್ಟ್ರು ಮೇ ತಿಂಗಳಲ್ಲೇ ಎಲ್ಲರನ್ನೂ ಹುಟ್ಟಿಸಿಬಿಡ್ತಿದ್ರು, ಈಗಲೂ ಕೇರಳದಲ್ಲಿ ಮೇ 31ಕ್ಕೆ ಸಾವಿರಗಟ್ಟಲೆ ಜನ ಒಟ್ಟಿಗೆ ರಿಟೈರ್ ಆಗೋದು ಅದಕ್ಕೇ. ಜನನ ಮರಣ ರಿಜಿಸ್ಟರ್ 1970ರ ನಂತರದ್ದು ಪಂಚಾಯತಲ್ಲಿ ಕೇಳಿ, ಹಿಂದಿನದ್ದು ಸಿಕ್ಕಿದ್ರೂ ಮಗುವಿನ ಹೆಸರಿಲ್ಲದೆ ಇಂಥವ್ರ ಗಂಡು ಮಗು ಅಂತ ಮಾತ್ರ ಇರ್ಲಿಕ್ಕೂ ಸಾಕು.

ಕ್ರಿಶ್ಚಿಯನ್ನರಿಗೆ ಇಷ್ಟು ಕಷ್ಟ ಇಲ್ಲ, ಬೇಳ, ಕುಂಬಳೆ, ಮಂಜೇಶ್ವರದ ಇಗರ್ಜಿಗಳಲ್ಲಿ ಜ್ಞಾನಸ್ನಾನ, ಮದುವೆ, ಮರಣ ಬೇರೆ ಬೇರೆ ಪುಸ್ತಕ. ಬ್ಯಾರಿ, ಮಾಪಿಳ್ಳೆ ಮನೆಯವ್ರು ಜಮಾಅತಿನ ನಿಕಾಹ್ ಪುಸ್ತಕ ಕೇಳ್ತಾರೆ.

ನಿಮಗೆ ನಾನು ಹೇಳೋದು, ಆಫೀಸಿಗೆ ಆಮೇಲೆ ಹೋಗಿ. ಮೊದ್ಲು ಮುಂಬೈಯಲ್ಲಿ ನಿಮ್ಮ ಕುಟುಂಬದ ತುಂಬ ವಯಸ್ಸಾದ ಹೆಂಗಸು ಯಾರಿದ್ದಾರೆ ಅವ್ರ ಹತ್ರ ಕೂತು ಎರಡು ಪ್ರಶ್ನೆ ಕೇಳಿ, ಬರಿ ಯಾವುದು, ನೇಮಕ್ಕೆ, ಅಂದ್ರೆ ಕುಟುಂಬದ ದೈವದ ಕೋಲಕ್ಕೆ, ಊರಿಗೆ ಹೋಗ್ತಿದ್ದದ್ದು ಯಾವ ಮನೆಗೆ. ಅಜ್ಜನ ಹೆಸರು ಮರೆತವ್ರಿಗೂ ದೈವ ಯಾವುದು ಅಂತ ಮರೆಯೋದಿಲ್ಲ. ಮನೆ ಗೊತ್ತಾದ್ರೆ ಆ ಕುಟುಂಬದ ನೇಮ ಯಾವಾಗ ಅಂತ ನಾನು ವಿಚಾರಿಸಿ ಹೇಳ್ತೇನೆ, ಅವತ್ತು ಎಲ್ಲ ಕವರಿನವ್ರೂ ಒಂದೇ ಅಂಗಳದಲ್ಲಿ ಸಿಗ್ತಾರೆ. ಬರುವಾಗ ಅಜ್ಜನ ಒಂದು ಫೋಟೋ ತನ್ನಿ, ಊಟಕ್ಕೆ ಕೂತಾಗ ಪಕ್ಕದವ್ರಿಗೆ ಕೊಟ್ಟುಬಿಡಿ, ಅದು ಸಾಲು ಪೂರ್ತಿ ತಿರುಗಿ ಬರ್ತದೆ.