ವ್ಹೀಲ್‌ಚೇರ್ ಮೇಲೆ ಬಟ್ಟೆ ಒಣಗುತ್ತಿದೆ ಎಂದು ಬರೆದವರಿಗೆ

ನಮಸ್ಕಾರ. ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪತ್ರ ಪೂರ್ತಿ ಅಚ್ಚು ಮಾಡಲು ಜಾಗ ಇಲ್ಲ. ಹಾಗಾಗಿ ಬೇರೆ ಓದುಗರಿಗೆ ವಿಷಯ ಏನು ಅಂತ ಚುಟುಕಾಗಿ ಹೇಳಿಬಿಡುತ್ತೇನೆ.

ನಿಮ್ಮ ಅಣ್ಣನಿಗೆ 34 ವರ್ಷ. ಎತ್ತರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಕೈ ಗಟ್ಟಿಯಾಗಿದೆ, ಮಾತು ಚೆನ್ನಾಗಿದೆ. ಯಾರೋ ಪುಣ್ಯಾತ್ಮರು ಒಂದು ವ್ಹೀಲ್‌ಚೇರ್ ಕೊಟ್ಟು ಎಂಟು ತಿಂಗಳಾಯಿತು. ಅಣ್ಣ ಅದರಲ್ಲಿ ಕೂತಿದ್ದು ನಾಲ್ಕೈದು ಸಲ. ಈಗ ಅದರ ಮೇಲೆ ಬಟ್ಟೆ ಒಣಗುತ್ತಿದೆ. ಇಂಥವರಿಗೆ ಏನೇನು ಸೇವೆಗಳಿವೆ, ಅಣ್ಣನನ್ನು ಕುರ್ಚಿಗೆ ಒಪ್ಪಿಸುವುದು ಹೇಗೆ, ನೆಂಟರು ಹೇಳುವ ಹಾಗೆ ಯಾವುದಾದರೂ ಆಶ್ರಮಕ್ಕೆ ಸೇರಿಸಿಬಿಡುವುದು ಒಳ್ಳೆಯದಾ ಎಂದು ಕೇಳಿದ್ದೀರಿ. ಕೊನೆಗೆ ಹಾಳೆಯ ಅಂಚಿನಲ್ಲಿ ಇನ್ನೊಂದು ಸಾಲು: ಈ ಕುರ್ಚಿಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಡೋಣವಾ?

ಪತ್ರ ನಾಲ್ಕು ಪುಟ ಇದೆ. ಎರಡು ಸಲ ಓದಿದೆ. ಅಮ್ಮ ಏನಂದರು, ಚಿಕ್ಕಪ್ಪ ಏನಂದರು, ಡಾಕ್ಟರು ಏನಂದರು, ಎಲ್ಲ ಇದೆ. ಅಣ್ಣ ಏನಂದರು ಅನ್ನುವುದು ಮಾತ್ರ ಒಂದು ಸಾಲೂ ಇಲ್ಲ. ತಪ್ಪು ಹುಡುಕಲು ಹೇಳುತ್ತಿಲ್ಲ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಅವರ ಬಗ್ಗೆ ಮಾತು ಜಾಸ್ತಿಯಾಗುತ್ತದೆ, ಅವರ ಜೊತೆ ಮಾತು ಕಡಿಮೆಯಾಗುತ್ತದೆ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು.

ಅಪ್ಪನಿಗೆ ಲಕ್ವ ಹೊಡೆದು ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಾನೇ ಹೋಗಿ ಒಂದು ಊರುಗೋಲು ತಂದೆ. ಒಳ್ಳೆಯ ಮರ, ಚಂದದ ಹಿಡಿ. ಮೂರನೇ ದಿನ ಅಪ್ಪ ಅದನ್ನು ಹಿಡಿದುಕೊಂಡೇ ಬಿದ್ದರು. ‘ಕೋಲು ಇದ್ದೂ ಬೀಳ್ತೀರಲ್ಲ’ ಎಂದು ಬೈದೆ. ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಬಂದು ಅಪ್ಪನನ್ನು ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಡಲು ಹೇಳಿ, ಮಣಿಕಟ್ಟಿನ ಗೆರೆಗೆ ಕೋಲಿನ ಹಿಡಿ ಬರುತ್ತದಾ ನೋಡಿದರು. ನಾಲ್ಕು ಬೆರಳಷ್ಟು ಎತ್ತರ ಇತ್ತು. ಕೋಲನ್ನು ಕತ್ತರಿಸಿ, ತುದಿಗೆ ರಬ್ಬರ್ ಬಿಲ್ಲೆ ಹಾಕಿ, ಅದನ್ನು ಸ್ವಾಧೀನ ಇರುವ ಕಡೆಯ ಕೈಗೆ ಕೊಟ್ಟರು. ನಾನು ಅಷ್ಟು ದಿನ ಸೋತ ಕೈಗೇ ಕೊಡುತ್ತಿದ್ದೆ! ಕೋಲು ತಂದದ್ದು ನಾನು. ಸೇವೆ ಅನ್ನುವುದು ಸಿಕ್ಕಿದ್ದು ಆ ಹತ್ತು ನಿಮಿಷದಲ್ಲಿ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅಣ್ಣನನ್ನು ಒಪ್ಪಿಸಲು ಹೋಗಬೇಡಿ. ಮೊದಲು ಕುರ್ಚಿಯನ್ನು ನೋಡಿ. ಹಿಂದಿನ ಗಾಲಿ ದೊಡ್ಡದಾಗಿದ್ದು, ಕೂತವರೇ ಕೈಯಿಂದ ತಳ್ಳಿಕೊಳ್ಳಲು ಅದರ ಹೊರಗೆ ಒಂದು ಬಳೆ ಇದೆಯಾ? ನಾಲ್ಕೂ ಗಾಲಿ ಚಿಕ್ಕದಾಗಿದ್ದರೆ ಅದು ಇನ್ನೊಬ್ಬರು ತಳ್ಳುವ ಕುರ್ಚಿ, ಆಸ್ಪತ್ರೆಯಲ್ಲಿ ಒಂದು ವಾರ್ಡಿನಿಂದ ಇನ್ನೊಂದಕ್ಕೆ ಸಾಗಿಸಲು ಇರುವಂಥದ್ದು. ಕೈ ಗಟ್ಟಿ ಇರುವವರನ್ನು ಅದರಲ್ಲಿ ಕೂರಿಸಿದರೆ ಅವರು ಬರೀ ಸಾಮಾನಾಗುತ್ತಾರೆ. ನಾನಾದರೂ ಕೂರುತ್ತಿರಲಿಲ್ಲ.

ಆಮೇಲೆ ಅಳತೆ. ಸೀಟಿನ ಅಗಲ ಸೊಂಟದ ಅಗಲದಷ್ಟೇ ಇರಬೇಕು. ಜಾಸ್ತಿ ಅಗಲ ಇದ್ದರೆ ಮೈ ಒಂದು ಕಡೆಗೆ ವಾಲುತ್ತದೆ, ಗಾಲಿಗೆ ಕೈ ಸರಿಯಾಗಿ ಎಟುಕುವುದಿಲ್ಲ. ಬೆನ್ನು ಹಿಂದಕ್ಕೆ ತಾಗಿಸಿ ಕೂತಾಗ ಸೀಟಿನ ಮುಂದಿನ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳು ಜಾಗ ಬೇಕು. ಪಾದ ಪೂರ್ತಿಯಾಗಿ ಕಾಲ್‌ಹಲಗೆಯ ಮೇಲೆ ಕೂರಬೇಕು. ಹಲಗೆ ತೀರಾ ಎತ್ತರ ಇದ್ದರೆ ಮಂಡಿ ಮೇಲೆದ್ದು ಭಾರವೆಲ್ಲ ಕುಂಡೆಯ ಮೂಳೆಯ ಮೇಲೆ ಬೀಳುತ್ತದೆ. ಆ ಜಾಗದಲ್ಲಿ ಅಣ್ಣನಿಗೆ ಸ್ಪರ್ಶ ಗೊತ್ತಾಗುವುದಿಲ್ಲ ಅಲ್ವಾ? ನಮಗೆ ನೋವಾದರೆ ಸರಿದು ಕೂರುತ್ತೇವೆ. ಅವರಿಗೆ ಆ ಸೂಚನೆಯೇ ಬರುವುದಿಲ್ಲ. ಹುಣ್ಣು ಅಲ್ಲಿಂದ ಶುರುವಾಗುತ್ತದೆ, ವಾಸಿಯಾಗಲು ತಿಂಗಳುಗಟ್ಟಲೆ ಬೇಕು, ನಂಜಾದರೆ ಪ್ರಾಣಕ್ಕೂ ಅಪಾಯ. ಹಾಗಾಗಿ ಒತ್ತಡ ಹಂಚುವ ದಿಂಬು ಕುರ್ಚಿಯ ಜೊತೆ ಬರಲೇಬೇಕು. ಅದು ಶೋಕಿ ಅಲ್ಲ. ಕೂತಿರುವಾಗ 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೋ ಪಕ್ಕಕ್ಕೋ ಬಾಗಿ, ಒಂದೆರಡು ನಿಮಿಷ ಭಾರ ಇಳಿಸುವುದು ರೂಢಿಯಾಗಬೇಕು. ದಿನಕ್ಕೊಮ್ಮೆ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಬೇಕು. ಕೆಂಪಾದ ಜಾಗ ಹೊತ್ತು ಕಳೆದರೂ ಮಾಸದಿದ್ದರೆ ಅಂದಿನಿಂದ ಅದರ ಮೇಲೆ ಭಾರ ಹಾಕುವ ಹಾಗಿಲ್ಲ, ಡಾಕ್ಟರಿಗೆ ತೋರಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೈಯಿಂದ ನಡೆಸುವ ವ್ಹೀಲ್‌ಚೇರ್‌ಗಳ ಬಗ್ಗೆ ಮಾರ್ಗಸೂಚಿ ತಂದಿತು. ಅದರಲ್ಲಿ ಎಂಟು ಹಂತ ಇವೆ. ಹೆಸರು ಬರೆಸುವುದರಿಂದ ಶುರುವಾಗಿ ಅಳತೆ, ಆಯ್ಕೆ, ಹಣದ ಏರ್ಪಾಡು, ಜೋಡಣೆ, ಕೂರಿಸಿ ಸರಿ ಮಾಡುವುದು, ಬಳಸಲು ಕಲಿಸುವುದು, ಆಮೇಲೆ ರಿಪೇರಿ ಮತ್ತು ಮತ್ತೆ ಮತ್ತೆ ಬಂದು ನೋಡುವುದು. ನಿಮ್ಮ ಮನೆಗೆ ಬಂದ ಕುರ್ಚಿ ಇದರಲ್ಲಿ ಎಷ್ಟು ಹಂತ ದಾಟಿ ಬಂದಿದೆ, ನೀವೇ ಹೇಳಿ. ಯಾರೋ ಕೊಟ್ಟರು, ಫೋಟೊ ತೆಗೆದರು, ಹೋದರು.

ಇನ್ನೂ ಒಂದು ಮಾತು ಇದೆ. ಬರೆಯಬೇಕಾ ಬೇಡವಾ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ತುಂಬಾ ಜನರಿಗೆ ಮೂತ್ರದ ಹಿಡಿತ ಹೋಗಿರುತ್ತದೆ. ನಾಲ್ಕು ಜನರ ಮುಂದೆ ಕುರ್ಚಿಯಲ್ಲಿ ಕೂತಾಗ ಬಟ್ಟೆ ಒದ್ದೆಯಾದರೆ? ಈ ಭಯಕ್ಕೇ ಹಾಸಿಗೆ ಬಿಟ್ಟು ಏಳದವರಿದ್ದಾರೆ. ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಅದರಿಂದ ಇನ್ನೊಂದು ತೊಂದರೆ. ಅಣ್ಣನಿಗೂ ಹೀಗೇ ಅಂತ ನಾನು ಹೇಳಲಾರೆ. ಆದರೆ ಇಂಥದ್ದೇನಾದರೂ ಇದ್ದರೆ ಅವರು ತಂಗಿಯ ಹತ್ತಿರ ಬಾಯಿ ಬಿಡುವುದಿಲ್ಲ. ಅಮ್ಮನ ಹತ್ತಿರವೂ ಇಲ್ಲ. ಹೊತ್ತು ಹೊತ್ತಿಗೆ ತಾವೇ ಸ್ವಚ್ಛವಾದ ನಳಿಕೆ ಹಾಕಿ ಮೂತ್ರ ತೆಗೆದುಕೊಳ್ಳುವ ವಿಧಾನ ಇದೆ. ಕೈ ಚೆನ್ನಾಗಿರುವವರು ಅದನ್ನು ನರ್ಸ್ ಹತ್ತಿರ ಕಲಿಯಬಹುದು. ಅದೊಂದು ಕೈವಶವಾದರೆ ಅರ್ಧ ಲೋಕ ವಾಪಸ್ ಬಂದ ಹಾಗೆ.

ಇಂಥ ಮಾತನ್ನು ಸಲೀಸಾಗಿ ಆಡಬಲ್ಲವರು ಅದೇ ಸ್ಥಿತಿಯಲ್ಲಿ ಹತ್ತು ವರ್ಷ ಬದುಕಿದ ಇನ್ನೊಬ್ಬರು. ಅದಕ್ಕೇ ಸೇವೆಗಳ ಪಟ್ಟಿಯಲ್ಲಿ ನಾನು ಮೊದಲು ಬರೆಯುವುದು ಇದನ್ನೇ. ಪುನರ್ವಸತಿಯವರು ಇದನ್ನು ಪಿಯರ್ ಕೌನ್ಸೆಲಿಂಗ್ ಅನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಸರಳ. ಬಿದ್ದು ಎದ್ದವರು ಬಿದ್ದವರ ಜೊತೆ ಕೂತು ಮಾತಾಡುವುದು. ಬೆನ್ನುಹುರಿ ಪುನರ್ವಸತಿ ಇರುವ ಆಸ್ಪತ್ರೆಗೆ ಹೋದರೆ ಕೇಳಿ: ‘ಇಲ್ಲಿಂದ ಗುಣವಾಗಿ ಹೋಗಿ ಕೆಲಸ ಮಾಡುತ್ತಿರುವವರು ಯಾರಾದರೂ ಇದ್ದಾರಾ, ಅಣ್ಣನ ಜೊತೆ ಮಾತಾಡಿಸಬಹುದಾ?’ ಅವರು ಮಾತಾಡುವಾಗ ನೀವು ಹೊರಗೆ ಬನ್ನಿ.

ಇದರ ಹಿಂದೆ ಒಂದು ಕಥೆ ಇದೆ. ಅಮೆರಿಕದ ಎಡ್ ರಾಬರ್ಟ್ಸ್ ಅವರಿಗೆ 14ನೇ ವಯಸ್ಸಿನಲ್ಲಿ ಪೋಲಿಯೊ ಬಂತು. ಕತ್ತಿನಿಂದ ಕೆಳಗೆ ಹೆಚ್ಚುಕಡಿಮೆ ಚಲನೆ ಇಲ್ಲ, ಉಸಿರಾಟಕ್ಕೂ ಯಂತ್ರ ಬೇಕು. ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆ ಮೊದಲು ಇವರ ಓದಿಗೆ ಹಣ ಕೊಡಲು ಒಪ್ಪಲಿಲ್ಲ. ಇವರು ಎಂದೂ ಕೆಲಸ ಮಾಡಲಾರರು ಎಂಬುದು ಕಾರಣ. ಹಟ ಹಿಡಿದು 1962ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿದರು. ಇರಲು ಜಾಗ ಸಿಕ್ಕಿದ್ದು ಹಾಸ್ಟೆಲಿನಲ್ಲಲ್ಲ, ಕ್ಯಾಂಪಸ್ಸಿನ ಆಸ್ಪತ್ರೆಯಲ್ಲಿ. ಅಲ್ಲಿ ಇವರಂಥವರೇ ಇನ್ನೂ ಕೆಲವರು ಸೇರಿಕೊಂಡರು. 1972ರಲ್ಲಿ ಬರ್ಕ್ಲಿಯಲ್ಲಿ ಸ್ವತಂತ್ರ ಬದುಕಿನ ಕೇಂದ್ರ ಶುರುವಾಯಿತು, ಅಂಗವಿಕಲರೇ ನಡೆಸುವ ಕೇಂದ್ರ. ಅಲ್ಲಿ ಸಿಗುತ್ತಿದ್ದದ್ದು ಏನು ಗೊತ್ತಾ? ಸಹಾಯಕರನ್ನು ಹುಡುಕಿಕೊಡುವುದು, ಬಾಡಿಗೆ ಮನೆ ಹುಡುಕಿಕೊಡುವುದು, ವ್ಹೀಲ್‌ಚೇರ್ ರಿಪೇರಿ. ಕುರ್ಚಿ ಕೆಟ್ಟು ನಿಂತರೆ ಬದುಕೇ ನಿಂತುಹೋಗುತ್ತದೆ ಅನ್ನುವುದು ಅದರಲ್ಲಿ ಕೂತವರಿಗೆ ಗೊತ್ತು. 1975ರಲ್ಲಿ ರಾಬರ್ಟ್ಸ್ ಅದೇ ಪುನರ್ವಸತಿ ಇಲಾಖೆಯ ನಿರ್ದೇಶಕರಾದರು.

ಉಳಿದ ಸೇವೆಗಳನ್ನು ನಿಮ್ಮ ಮನೆಗೆ ಹೊಂದಿಸಿ ಹೇಳುತ್ತೇನೆ. ಆಕ್ಯುಪೇಷನಲ್ ಥೆರಪಿಸ್ಟ್ ಎಂಬುವವರಿರುತ್ತಾರೆ. ಹೆಸರು ಕೇಳಿ ಕೆಲಸ ಕೊಡಿಸುವವರು ಅಂದುಕೊಳ್ಳಬೇಡಿ. ಸ್ನಾನ, ಬಟ್ಟೆ, ಅಡುಗೆ, ಓಡಾಟ, ಹೀಗೆ ದಿನದ ಒಂದೊಂದು ಕೆಲಸವನ್ನೂ ಇರುವ ಶಕ್ತಿಯಲ್ಲಿ ಮಾಡುವುದು ಹೇಗೆ ಎಂದು ತೋರಿಸುವವರು. ಅಮ್ಮ ಅಣ್ಣನನ್ನು ಎತ್ತಿ ಎತ್ತಿ ಬೆನ್ನು ಹಿಡಿದುಕೊಂಡಿದೆ ಎಂದು ಬರೆದಿದ್ದೀರಿ. ಹಾಸಿಗೆಗೂ ಕುರ್ಚಿಗೂ ಸೇತುವೆಯ ಹಾಗೆ ಒಂದು ನುಣುಪಾದ ಹಲಗೆ ಇಟ್ಟು, ಕೈ ಊರಿ ಜಾರಿಕೊಂಡು ಹೋಗುವುದನ್ನು ಅವರು ಕಲಿಸುತ್ತಾರೆ. ಯಾರೂ ಎತ್ತಬೇಕಿಲ್ಲ. ಮನೆಯನ್ನು ನೋಡಲೂ ಅವರನ್ನೇ ಕರೆಯಿರಿ. ಕುರ್ಚಿ ಹೋಗಲು ಬಾಗಿಲು ಸುಮಾರು 80 ಸೆಂಟಿಮೀಟರ್ ತೆರೆದುಕೊಳ್ಳಬೇಕು. ರ‍್ಯಾಂಪ್ ಕಟ್ಟುವುದಾದರೆ ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ. ಅಂದರೆ 15 ಸೆಂಟಿಮೀಟರಿನ ಒಂದೇ ಮೆಟ್ಟಿಲಿಗೂ 180 ಸೆಂಟಿಮೀಟರ್ ಬೇಕು. ಇದಕ್ಕಿಂತ ಗಿಡ್ಡ ಕಟ್ಟಿದರೆ ಅದು ಜಾರುಬಂಡೆ. (ನಮ್ಮ ಕಚೇರಿಯ ಬಾಗಿಲಲ್ಲಿ ಮೂರು ಮೆಟ್ಟಿಲಿವೆ, ರ‍್ಯಾಂಪ್ ಇಲ್ಲ. ಇದನ್ನು ಬರೆಯುವಾಗ ನೆನಪಾಗಿ ಮುಜುಗರವಾಯಿತು.)

ನಿಮ್ಮ ಬೀದಿಯಲ್ಲಿ ಕಿವಿ ಕೇಳದ ಹುಡುಗಿ, ಕಣ್ಣು ಕಾಣದ ಮೇಷ್ಟ್ರು ಇದ್ದಾರೆ, ಅವರಿಗೂ ಏನಾದರೂ ಹೇಳಿ ಎಂದಿದ್ದೀರಿ. ಅದಕ್ಕೆ ಬೇರೆ ಪತ್ರವೇ ಬೇಕು. ಒಂದೊಂದೇ ಹೇಳುತ್ತೇನೆ. ಆ ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ದಾಗ ಸನ್ನೆಭಾಷೆಯ ದುಭಾಷಿಯನ್ನು ಕೇಳಿ. ಮನೆಯವರು ಜೊತೆಗಿದ್ದಾರಲ್ಲ ಎಂದು ಸುಮ್ಮನಾಗಬೇಡಿ, ಏಕೆಂದರೆ ಮನೆಯವರು ಅರ್ಧ ಮಾತು ನುಂಗುತ್ತಾರೆ. ಮೇಷ್ಟ್ರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಇದೆ, ಕಂಪ್ಯೂಟರ್ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಓದುವುದಿಲ್ಲ! ಅವು ಯೂನಿಕೋಡ್ ಅಲ್ಲದ ಫಾಂಟಿನಲ್ಲಿವೆ. ನಮ್ಮ ಕಣ್ಣಿಗೆ ಚಂದದ ಕನ್ನಡ, ಆ ತಂತ್ರಾಂಶಕ್ಕೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಒಬ್ಬ ಓದುಗರು ಫೋನ್ ಮಾಡಿ ಅದನ್ನು ಕೇಳಿಸುವ ತನಕ ನಮಗೆ ಗೊತ್ತೇ ಇರಲಿಲ್ಲ.

ಇನ್ನು ಆಶ್ರಮದ ಮಾತು. ಅಂಗವೈಕಲ್ಯ ಇರುವವರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದ 2006ರಲ್ಲಿ ಆಯಿತು. ಎಲ್ಲಿ ಇರಬೇಕು, ಯಾರ ಜೊತೆ ಇರಬೇಕು ಎಂದು ಆರಿಸಿಕೊಳ್ಳುವುದು ಅವರದೇ ಹಕ್ಕು ಎಂದು ಅದರ 19ನೇ ವಿಧಿ ಹೇಳುತ್ತದೆ. ಅದಕ್ಕೆ ಬೇಕಾದ ಸಹಾಯಕರ ಸೇವೆಯನ್ನೂ ಅದೇ ವಿಧಿ ಹೆಸರಿಸುತ್ತದೆ. ಸಹಾಯಕ ಅಂದರೆ ನೋಡಿಕೊಳ್ಳುವವನಲ್ಲ. ಯಾವಾಗ ಬರಬೇಕು, ಏನು ಮಾಡಬೇಕು ಎಂದು ಅಣ್ಣ ಹೇಳುತ್ತಾರೆ, ಅವನು ಮಾಡುತ್ತಾನೆ. ಸ್ವೀಡನ್ನಿನಲ್ಲಿ 1994ರಿಂದ ಇದಕ್ಕೊಂದು ಕಾನೂನೇ ಇದೆ. ಎಲ್ಲ ಕಡೆ ಅಷ್ಟು ಸುಲಭವಾಗಿ ಸಿಗುವುದಿಲ್ಲ, ಒಪ್ಪುತ್ತೇನೆ. ಅಮ್ಮನಿಗೆ ವಿಶ್ರಾಂತಿ ಬೇಕು ಅನ್ನುವುದೂ ನಿಜ. ಆದರೆ ಅಮ್ಮನಿಗೆ ವಾರಕ್ಕೆ ಎರಡು ದಿನ ಬಿಡುವು ಬೇಕಾದರೆ ಎರಡು ದಿನಕ್ಕೆ ಒಬ್ಬರನ್ನು ಹುಡುಕಿ. ಅದಕ್ಕಾಗಿ ಅಣ್ಣನನ್ನು ಇಡೀ ಜೀವಮಾನಕ್ಕೆ ಬೇರೆ ಕಡೆ ಕಳಿಸುವುದು ಯಾವ ಲೆಕ್ಕ? ಚಿಕ್ಕಪ್ಪ ಕಾಗದಕ್ಕೆ ಸಹಿ ಹಾಕಲು ತಯಾರಿದ್ದಾರೆ ಎಂದಿದ್ದೀರಿ. 34 ವರ್ಷದ, ಬುದ್ಧಿ ನೆಟ್ಟಗಿರುವ ಗಂಡಸಿನ ಪರವಾಗಿ ಚಿಕ್ಕಪ್ಪ ಯಾಕೆ ಸಹಿ ಹಾಕಬೇಕು?

ಈ ವಾರ ಮಾಡಬೇಕಾದ್ದು ಇಷ್ಟೇ. ಅಣ್ಣನ ಹತ್ತಿರ ಕೂತು, ‘ನಿನಗೆ ಏನು ಬೇಕು’ ಎಂದು ಕೇಳಬೇಡಿ. ಅದಕ್ಕೆ ‘ಏನೂ ಬೇಡ’ ಅನ್ನುವ ಉತ್ತರ ಬರುತ್ತದೆ. ‘ಬೀಳುವುದಕ್ಕೆ ಮುಂಚೆ ಬೆಳಗ್ಗೆ ಎದ್ದು ಮೊದಲು ಏನು ಮಾಡ್ತಿದ್ದೆ’ ಎಂದು ಕೇಳಿ. ಹೊರಗೆ ಹೋಗಿ ನಿಲ್ಲುತ್ತಿದ್ದರೆ ಹೊಸ್ತಿಲಿನ ಎತ್ತರ ಅಳೆಯಿರಿ. ಒಬ್ಬರೇ ಸ್ನಾನ ಮಾಡುತ್ತಿದ್ದರೆ ಬಚ್ಚಲ ಬಾಗಿಲಿನ ಅಗಲ ಅಳೆಯಿರಿ. ಆ ಒಂದು ಚೀಟಿ ಹಿಡಿದುಕೊಂಡು ಅಣ್ಣನ ಜೊತೆಗೇ ಥೆರಪಿಸ್ಟ್ ಹತ್ತಿರ ಹೋಗಿ.

ಕುರ್ಚಿಯನ್ನು ಕೊಡುವ ವಿಚಾರ: ಇನ್ನೊಂದು ಬರುವ ತನಕ ಕೊಡಬೇಡಿ. ಅದನ್ನು ಇಟ್ಟುಕೊಳ್ಳುವುದೋ ಕೊಡುವುದೋ ಅಣ್ಣನೇ ಹೇಳಲಿ, ಕುರ್ಚಿ ಅವರದ್ದು. ಕೊಡುವುದಾದರೆ ಬ್ರೇಕ್ ಹಿಡಿಯುತ್ತದಾ, ಗಾಲಿ ಅಲ್ಲಾಡುತ್ತದಾ ನೋಡಿಸಿ. ತೆಗೆದುಕೊಳ್ಳುವವರನ್ನು ಒಮ್ಮೆ ಅದರಲ್ಲಿ ಕೂರಿಸಿ, ಮಂಡಿಯ ಹಿಂದೆ ಎರಡು ಬೆರಳು ಹೋಗುತ್ತದಾ ನೋಡಿ. ಹೋಗದಿದ್ದರೆ ಅವರಿಗೂ ಕೊಡಬೇಡಿ. ಮತ್ತೆ ಆ ಬಟ್ಟೆಗಳನ್ನು ಇವತ್ತೇ ತೆಗೆಯಿರಿ.

– ಸಂಪಾದಕ