ಸ್ಪಾರಿಂಗ್‌ನಲ್ಲಿ ಹುಲಿ, ಹೊರಗೆ ಯಾಕೆ ನಡುಕ?

ಅಡ್ರಿನಲಿನ್ ಬಗ್ಗೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪ. ಅದಕ್ಕೆ ಹೊರಗೆ ಸಿಗುತ್ತಿರುವ ಉತ್ತರಗಳೋ, ವಿಡಿಯೊ ಮಾಡುವವರು ಒಬ್ಬರಿಂದೊಬ್ಬರು ನಕಲು ಹೊಡೆದ ತಪ್ಪುಗಳು. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದೊಂದಕ್ಕೇ. ನಿಲುವು ಹೇಗಿರಬೇಕು, ಮುಷ್ಟಿ ಹೇಗೆ ಕಟ್ಟಬೇಕು ಎಂಬುದನ್ನು ತರಗತಿಯ ಮೊದಲ ವಾರವೇ ಹೇಳಿಕೊಟ್ಟಿರುತ್ತಾರೆ. ಇಲ್ಲಿ ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ಎರಡು ವರ್ಷದಿಂದ ಕಿಕ್‌ಬಾಕ್ಸಿಂಗ್ ಕಲಿಯುತ್ತಿದ್ದೇನೆ. ಮೂರು ನಿಮಿಷದ ಐದು ರೌಂಡ್ ಸ್ಪಾರಿಂಗ್, ಅಂದರೆ ಜೊತೆಗಾರನೊಂದಿಗೆ ಅಭ್ಯಾಸದ ಕಾದಾಟ, ಆರಾಮಾಗಿ ಮುಗಿಸುತ್ತೇನೆ. ಆದರೆ ಒಮ್ಮೆ ಪಾರ್ಕಿಂಗ್ ಜಾಗದಲ್ಲಿ ಒಬ್ಬ ಬೈಯುತ್ತಾ ಬಂದು ಕಾಲರ್ ಹಿಡಿದಾಗ ಬಾಯಿ ಒಣಗಿ, ಕೈಕಾಲು ನಡುಗಿ, ಕಲಿತದ್ದು ಒಂದೂ ಬರಲಿಲ್ಲ. ಕೊಸರಾಡಿದ ಅರ್ಧ ನಿಮಿಷಕ್ಕೇ ಏದುಸಿರು ಬಂತು. ಅಡ್ರಿನಲಿನ್ ಕಂಟ್ರೋಲ್ ಮಾಡುವುದು ಹೇಗೆ? ಸ್ಟ್ಯಾಮಿನಾ ಹೆಚ್ಚಿಸಬೇಕೇ?

ಮೊದಲು ‘ಕಂಟ್ರೋಲ್’ ಎಂಬ ಮಾತನ್ನು ಬಿಡಿ. ಅಪಾಯ ಕಂಡ ಒಂದೆರಡು ಸೆಕೆಂಡಿನಲ್ಲೇ ನರಗಳು ಹೃದಯದ ವೇಗ ಏರಿಸಿರುತ್ತವೆ. ಅದರ ಬೆನ್ನಿಗೇ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ನೀವು ತಡೆಯಬೇಕು ಎಂದು ಯೋಚಿಸುವ ಹೊತ್ತಿಗೆ ಅದು ಮೈಯೆಲ್ಲ ಹರಡಿ ಆಗಿದೆ. ರಕ್ತದಲ್ಲಿ ಸೇರಿದ್ದರಲ್ಲಿ ಅರ್ಧದಷ್ಟು 2–3 ನಿಮಿಷದಲ್ಲಿ ಕರಗುತ್ತದೆ. ಆದರೆ ಜೊತೆಗೇ ಏರುವ ಕಾರ್ಟಿಸಾಲ್ ಎಂಬ ಇನ್ನೊಂದು ಒತ್ತಡದ ಹಾರ್ಮೋನ್ ಉತ್ತುಂಗ ಮುಟ್ಟುವುದೇ 20–30 ನಿಮಿಷದ ಮೇಲೆ. ಎಲ್ಲ ಮುಗಿದು ಕುರ್ಚಿಯಲ್ಲಿ ಕೂತ ಮೇಲೂ ಮೈ ಹದಕ್ಕೆ ಬರದಿರುವುದು ಅದಕ್ಕೇ. ಬಾಯಿ ಒಣಗುವುದು, ಬೆರಳು ತಣ್ಣಗಾಗುವುದು, ಮುಖ ಬಿಳಿಚಿಕೊಳ್ಳುವುದು, ತೊಡೆ ನಡುಗುವುದು, ಎದುರಿಗಿದ್ದವನ ಮುಖ ಬಿಟ್ಟು ಅಕ್ಕಪಕ್ಕದ್ದೇನೂ ಕಾಣದಿರುವುದು ಎಲ್ಲವೂ ಆ ಯಂತ್ರ ಸರಿಯಾಗಿ ಓಡುತ್ತಿರುವುದರ ಗುರುತು. ಹೇಡಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ನಡುಗುತ್ತಿರುವ ಕೈಯಲ್ಲೇ ಕೆಲಸ ಮಾಡುವುದನ್ನು ಕಲಿಯಬೇಕು.

ಅರ್ಧ ನಿಮಿಷಕ್ಕೆ ಸುಸ್ತಾದದ್ದು ಸ್ಟ್ಯಾಮಿನಾ ಕಡಿಮೆಯಾಗಿ ಅಲ್ಲ. ಹಲ್ಲು ಕಚ್ಚಿ, ಭುಜ ಕಿವಿಯವರೆಗೆ ಏರಿಸಿ, ಉಸಿರು ಬಿಗಿಹಿಡಿದು ಇಡೀ ಮೈಯನ್ನು ಒಟ್ಟಿಗೇ ಬಿಗಿದಿರಿ. ಪೂರ್ತಿ ಬಲ ಹಾಕಿದರೆ ಸ್ನಾಯುವಿನಲ್ಲಿ ಕೂಡಲೇ ಸಿಗುವ ಇಂಧನ, ಅಂದರೆ ಕ್ರಿಯಾಟಿನ್ ಫಾಸ್ಫೇಟ್, ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬಹುಮಟ್ಟಿಗೆ ತೀರುತ್ತದೆ. ಸ್ಪಾರಿಂಗ್‌ನಲ್ಲಿ ನೀವು ಹಾಗೆ ಆಡುವುದಿಲ್ಲ. ಎರಡು ಏಟು, ಒಂದು ಹೆಜ್ಜೆ ಹಿಂದೆ, ಒಂದು ಉಸಿರು. ದಿನಾ ಇನ್ನೂ ಐದು ಕಿಲೋಮೀಟರ್ ಓಡಿದರೆ ಒಂದು ರಭಸಕ್ಕೂ ಇನ್ನೊಂದಕ್ಕೂ ನಡುವೆ ಬೇಗ ಚೇತರಿಸಿಕೊಳ್ಳುತ್ತೀರಿ, ಅದು ಒಳ್ಳೆಯದೇ. ಬಿಗಿದ ಭುಜವನ್ನು ಓಟ ಸಡಿಲಿಸುವುದಿಲ್ಲ.

ಕಲಿತದ್ದು ಯಾಕೆ ಬರಲಿಲ್ಲ ಎನ್ನುವುದು ಇದಕ್ಕಿಂತ ಮುಖ್ಯ. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದ ‘ಹೋರಾಡು ಇಲ್ಲವೇ ಓಡು’ ಎಲ್ಲರ ಬಾಯಲ್ಲೂ ಇದೆ. ಮೂರನೆಯದು ಒಂದಿದೆ: ಕಲ್ಲಾಗಿ ನಿಲ್ಲುವುದು. ತರಗತಿಯಲ್ಲಿ ಗಂಟೆ ಬಾರಿಸಿದರೆ ಜಗಳ ಶುರು, ಬಾರಿಸಿದರೆ ಮುಗೀತು. ಹೊರಗೆ ಗಂಟೆ ಬಾರಿಸುವವರಿಲ್ಲ. ‘ಇವನು ಬರೀ ಬೈಯುತ್ತಾನೋ, ಹೊಡೆಯುತ್ತಾನೋ’ ಎಂದು ಲೆಕ್ಕ ಹಾಕುತ್ತಿರುವಾಗಲೇ ಕಾಲರ್ ಅವನ ಕೈಯಲ್ಲಿತ್ತು. ನಿಮ್ಮ ಏಟು ಕೈಕೊಡಲಿಲ್ಲ, ತೀರ್ಮಾನ ತಡವಾಯಿತು. ತಾಲೀಮು ಮಾಡಬೇಕಾದದ್ದು ಆ ತೀರ್ಮಾನವನ್ನು.

ಇಲ್ಲಿ ಒಂದು ಚಾಳಿಯನ್ನು ಗದರಲೇಬೇಕು. ‘ಅಡ್ರಿನಲಿನ್ ಟ್ರೈನಿಂಗ್’ ಎಂದು ಬೋರ್ಡ್ ಹಾಕಿ ಐವತ್ತು ಬರ್ಪಿ (ಕುಕ್ಕುರು ಕೂತು, ಕಾಲು ಹಿಂದಕ್ಕೆ ಚಾಚಿ, ಎದ್ದು ನೆಗೆಯುವ ಕಸರತ್ತು) ಹೊಡೆಸಿ, ಹೃದಯ ಡವಡವ ಎನ್ನುವಾಗ ಜೊತೆಗಾರ ಹಿಡಿದ ಪ್ಯಾಡಿಗೆ ಹೊಡೆಸುವವರಿದ್ದಾರೆ. ಗೋಡೆಯ ಮೇಲೆ ಒಂದು ಪಟ್ಟಿ ಬೇರೆ: ನಿಮಿಷಕ್ಕೆ 115 ಬಡಿತ ದಾಟಿದರೆ ಬೆರಳಿನ ನಾಜೂಕು ಹೋಗುತ್ತದೆ, 145 ದಾಟಿದರೆ ಇನ್ನೊಂದು, 175 ದಾಟಿದರೆ ಮತ್ತೊಂದು ಎಂದು. ಓಡಿ 160ಕ್ಕೆ ಏರಿಸಿಕೊಂಡವರ ಕೈಗೆ ಬೀಗದ ಕೈ ಕೊಟ್ಟು ನೋಡಿ, ಬಾಗಿಲು ತೆಗೆಯುತ್ತಾರೆ. ವ್ಯಾಯಾಮದಲ್ಲೂ ಅಡ್ರಿನಲಿನ್ ಏರುತ್ತದೆ, ಆದರೆ ಮುಖ ಕೆಂಪಾಗುತ್ತದೆ, ಮೈ ಬಿಸಿಯಾಗುತ್ತದೆ, ಮನಸ್ಸು ನಿರಾಳವಾಗಿರುತ್ತದೆ. ಭಯದಲ್ಲಿ ಚರ್ಮ ಬಿಳಿಚಿ ಬೆರಳು ತಣ್ಣಗಾಗುತ್ತದೆ. ಎರಡೂ ಒಂದೇ ಎಂದು ಮಾರುವುದು ಮೋಸ. ಬರ್ಪಿಯಿಂದ ಬರ್ಪಿ ಅಭ್ಯಾಸವಾಗುತ್ತದೆ.

ನೀವು ಮಾಡಬೇಕಾದದ್ದು ಇದು: ವಾರಕ್ಕೆ ಎರಡು ಸಲ, ಎಂಟು ವಾರ.

ಮೊದಲ ಎರಡು ವಾರ ದನಿ ಮತ್ತು ಅಂಗೈ ಮಾತ್ರ. ಜೊತೆಗಾರ ನಾಲ್ಕು ಮೀಟರ್ ದೂರದಿಂದ ಮಾತಾಡುತ್ತಾ ನಡೆದು ಬರಲಿ. ನಿಮ್ಮ ಒಂದು ಕಾಲು ಅರ್ಧ ಹೆಜ್ಜೆ ಹಿಂದೆ, ಎರಡೂ ಅಂಗೈ ತೆರೆದು ಎದೆಯ ಎತ್ತರಕ್ಕೆ, ಮೊಣಕೈ ಪಕ್ಕೆಗೆ ಹತ್ತಿರ. ಎದೆಯಾಳದ ದನಿಯಲ್ಲಿ ಒಂದೇ ವಾಕ್ಯ: ‘ಅಲ್ಲೇ ನಿಲ್ಲು, ಹತ್ತಿರ ಬರಬೇಡ.’ ಎರಡು ತೋಳಿನ ಅಂತರ ನಿಮ್ಮ ಗೆರೆ. ದಾಟಿದರೆ ಎರಡನೇ ಯೋಚನೆ ಇಲ್ಲ: ಅಂಗೈ ಬುಡದಿಂದ ಪ್ಯಾಡಿಗೆ ಏಟು, ಓರೆಯಾಗಿ ಪಕ್ಕಕ್ಕೆ ಹೆಜ್ಜೆ, ಓಟ. ನಿಂತಲ್ಲೇ ನಗುವುದು, ನೇರ ಹಿಂದಕ್ಕೆ ಸರಿದು ಎಡವುವುದು, ಗೆರೆ ದಾಟಿದ ಮೇಲೂ ಇನ್ನೊಮ್ಮೆ ‘ನಿಲ್ಲು’ ಎನ್ನುವುದು ಇಲ್ಲಿ ಎಲ್ಲರೂ ಮಾಡುವ ತಪ್ಪುಗಳು. ಮೂರನೆಯದು ಹೋಗುವವರೆಗೆ ಮುಂದಕ್ಕೆ ಹೋಗಬೇಡಿ.

ಮೂರು ಮತ್ತು ನಾಲ್ಕನೇ ವಾರ ಬೈಗುಳ. ದಿನವೂ ಜೊತೆಯಲ್ಲಿ ಆಡುವ ಗೆಳೆಯ ಬೈದರೆ ನಗು ಬರುತ್ತದೆ, ಹಾಗಾಗಿ ಬೇರೆ ಬ್ಯಾಚಿನವರನ್ನು ಕರೆಯಿರಿ. ಮೂವತ್ತು ನಲವತ್ತು ಸೆಕೆಂಡ್ ನಿಜವಾಗಿ ಬೈಯಬೇಕು, ಸುತ್ತ ಸುತ್ತಬೇಕು. ಹತ್ತು ಸಲದಲ್ಲಿ ಮೂರು ನಾಲ್ಕು ಸಲ ಅವರು ಹೊಡೆಯದೆ ತಿರುಗಿ ಹೋಗಬೇಕು. ಇದನ್ನು ಬಿಟ್ಟರೆ ಕೂಗಿದವನಿಗೆಲ್ಲ ಹೊಡೆಯುವ ಅಭ್ಯಾಸ ನಿಮಗೆ ಅಂಟುತ್ತದೆ, ಅದರ ಬೆಲೆ ತೆರುವವರು ನೀವೇ.

ಐದರಿಂದ ಎಂಟನೇ ವಾರ ಹಿಡಿತದಿಂದ ಶುರು. ಬೆನ್ನಿಗೆ ಗೋಡೆ, ಕಣ್ಣು ಮುಚ್ಚಿ, ದಿನಬಳಕೆಯ ಬಟ್ಟೆ, ದಿನಬಳಕೆಯ ಚಪ್ಪಲಿ. ಕಾಲರ್ ಹಿಡಿದ ಕ್ಷಣ ಕಣ್ಣು ತೆರೆದು ಎಂಟು–ಹತ್ತು ಸೆಕೆಂಡ್ ಪೂರ್ತಿ ಬಲ, ಆಮೇಲೆ ಹದಿನೈದು ಮೀಟರ್ ಓಡಿ ಬಾಗಿಲು ಮುಟ್ಟಬೇಕು. ಪ್ರತಿ ಸಲದ ನಡುವೆ ಮೂರು ನಿಮಿಷ ವಿಶ್ರಾಂತಿ, ಒಂದು ದಿನಕ್ಕೆ ಐದಾರು ಸಲ, ಸಾಕು. ಮುಗಿದ ಇಂಧನ ಅರ್ಧ ನಿಮಿಷದಲ್ಲಿ ಅರ್ಧ ತುಂಬುತ್ತದೆ, ಹೆಚ್ಚುಕಡಿಮೆ ಪೂರ್ತಿ ತುಂಬಲು 3–5 ನಿಮಿಷ ಬೇಕು. ವಿಶ್ರಾಂತಿ ಕಡಿಮೆ ಮಾಡಿದರೆ ಸುಸ್ತಾದ ಏಟು ಹೊಡೆಯುವುದನ್ನು ಕಲಿಯುತ್ತೀರಿ. ಬಾಗಿಲು ಮುಟ್ಟಿದ ಕೂಡಲೇ ಜೊತೆಗಾರ ಕೇಳಬೇಕು: ನನ್ನ ಎಡಗೈಯಲ್ಲಿ ಏನಿತ್ತು? ಕೋಣೆಯಲ್ಲಿ ಇನ್ನೆಷ್ಟು ಜನರಿದ್ದರು? ಈ ಹಂತದ ಮೊದಲ ವಾರ ಉತ್ತರ ಬರುವುದಿಲ್ಲ. ಮೂರನೇ ವಾರದ ಹೊತ್ತಿಗೆ ಕತ್ತು ತಿರುಗಿಸಿ ನೋಡುವುದು ತಾನಾಗಿ ಬಂದಿರುತ್ತದೆ.

ಹೆಲ್ಮೆಟ್ ಹಾಕಿದ್ದರೂ ತಲೆಗೆ ಗಟ್ಟಿ ಏಟು ಬೇಡ, ಹೆಲ್ಮೆಟ್ ಮಿದುಳು ಅಲುಗುವುದನ್ನು ತಡೆಯದು. ಯಾರಿಗಾದರೂ ತಲೆ ಸುತ್ತಿದರೆ, ವಾಕರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ನಿಲ್ಲಿಸಲು ಒಂದು ಪದ ಮೊದಲೇ ಗೊತ್ತುಮಾಡಿ. ಆ ಪದ ಕೇಳಿದ ಮೇಲೂ ನಿಲ್ಲಿಸದ ಜೊತೆಗಾರನೊಂದಿಗೆ ಮತ್ತೆ ತಾಲೀಮು ಬೇಡ. ಹೃದಯದ ತೊಂದರೆ ಇರುವವರು, ಪ್ಯಾನಿಕ್ ಅಟ್ಯಾಕ್ ಆಗುವವರು, ಹಿಂದೆ ಹಲ್ಲೆಗೆ ಒಳಗಾದವರು ಈ ಬೈಗುಳದ ಹಂತವನ್ನು ವೈದ್ಯರ ಅಥವಾ ಆಪ್ತಸಮಾಲೋಚಕರ ಸಲಹೆ ಇಲ್ಲದೆ ಮಾಡಬಾರದು. ಹಳೆಯ ಗಾಯ ಕೆದಕಿದರೆ ಗಟ್ಟಿಯಾಗುವುದಿಲ್ಲ.

ಉಸಿರಿನ ಬಗ್ಗೆ ಎರಡೇ ಮಾತು. ಸಮಯವಿದ್ದಾಗ, ಅಂದರೆ ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸಿದಾಗ ಅಥವಾ ಎಲ್ಲ ಮುಗಿದ ಮೇಲೆ, ಮೂಗಿನಿಂದ ನಾಲ್ಕು ಎಣಿಕೆ ಒಳಗೆ, ಬಾಯಿಂದ ಆರರಿಂದ ಎಂಟು ಎಣಿಕೆ ಹೊರಗೆ, ನಾಲ್ಕು ಸಲ. ಹೊರಗೆ ಬಿಡುವುದು ಉದ್ದವಾಗಿರಬೇಕು, ಹೃದಯ ನಿಧಾನವಾಗುವುದು ಆಗಲೇ. ಜೋರಾಗಿ ಬೇಗ ಬೇಗ ಉಸಿರೆಳೆದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಕೈ ಕೈ ಮಿಲಾಯಿಸಿದಾಗ ಎಣಿಸಲು ಆಗದು, ಪ್ರತಿ ಏಟಿಗೂ ದನಿ ಹೊರಡಿಸಿ. ದನಿ ಹೊರಟರೆ ಉಸಿರು ಹೊರಟಂತೆ.

ನಾಜೂಕು ಪಟ್ಟುಗಳನ್ನು, ಬೆರಳು ಹಿಡಿದು ತಿರುಚುವಂಥವನ್ನು, ನೆಚ್ಚಬೇಡಿ. ಅಂಗೈ ಬುಡ, ಮೊಣಕೈ, ಮಂಡಿ, ತಳ್ಳುವುದು ನಡುಗುವ ಕೈಕಾಲಿಗೂ ಬರುತ್ತವೆ. ತಲೆಬುರುಡೆಗೆ ಬರಿ ಮುಷ್ಟಿಯಿಂದ ಗುದ್ದಿದರೆ ಮುರಿಯುವುದು ಹೆಚ್ಚಾಗಿ ನಿಮ್ಮದೇ ಕಿರುಬೆರಳಿನ ಬುಡದ ಮೂಳೆ. ಇನ್ನೊಂದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ: ಫೋನ್. ಐಸ್ ನೀರಿನಲ್ಲಿ ಒಂದು ನಿಮಿಷ ಕೈ ಅದ್ದಿ, ಒರೆಸಿಕೊಂಡು ಫೋನ್ ಅನ್‌ಲಾಕ್ ಮಾಡಿ ನೋಡಿ. ಬೆರಳಚ್ಚು ಓದುವುದಿಲ್ಲ, ಅಂಕಿ ತಪ್ಪುತ್ತದೆ. ಪಕ್ಕದ ಗುಂಡಿ ಒತ್ತಿ ತುರ್ತು ಕರೆ ಹೋಗುವ ವ್ಯವಸ್ಥೆಯನ್ನು ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ಹಾಕಿಕೊಳ್ಳಿ.

ಘಟನೆ ಮುಗಿದ ಕೂಡಲೇ ನೋವು ಗೊತ್ತಾಗದಿರಬಹುದು, ಇರಿತವೂ ಬರೀ ಗುದ್ದಿನಂತೆ ಅನ್ನಿಸಬಹುದು. ಬೆಳಕಿರುವಲ್ಲಿ ನಿಂತು ಕುತ್ತಿಗೆ, ಕಂಕುಳು, ಹೊಟ್ಟೆ, ಬೆನ್ನು, ತೊಡೆಸಂದಿಯ ಮೇಲೆ ಅಂಗೈ ಆಡಿಸಿ, ಪ್ರತಿ ಸಲ ಅಂಗೈಗೆ ರಕ್ತ ಹತ್ತಿದೆಯೇ ನೋಡಿ. ನಡುಕ ನಿಲ್ಲುವವರೆಗೆ ಗಾಡಿ ಓಡಿಸಬೇಡಿ. ಎದುರಿನವನ ಹಲ್ಲು ತಾಗಿ ಬೆರಳ ಗೆಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಗಾಯವಾಗಿದ್ದರೂ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಅವತ್ತೇ ವೈದ್ಯರ ಹತ್ತಿರ ಹೋಗಿ, ಹಲ್ಲು ತಾಗಿದ್ದು ಎಂದು ಬಾಯಿಬಿಟ್ಟು ಹೇಳಿ. ಬಾಯಿಯ ಕ್ರಿಮಿ ಕೀಲಿನೊಳಗೆ ಹೊಕ್ಕರೆ ಬೆರಳೇ ಮರಗಟ್ಟಿಹೋಗಬಹುದು. ನಾಚಿಕೆಯಿಂದ ‘ಬಾಗಿಲಿಗೆ ತಗುಲಿತು’ ಎಂದು ಸುಳ್ಳು ಹೇಳಿ ಬೆರಳು ಕಳೆದುಕೊಳ್ಳಬೇಡಿ.

ಪ್ರಶ್ನೆ: ಆರು ತಿಂಗಳಾದರೂ ಪಕ್ಕದ ಸ್ಪ್ಲಿಟ್ (ಎರಡೂ ಕಾಲು ಪಕ್ಕಕ್ಕೆ ಚಾಚಿ ನೆಲಕ್ಕೆ ಕೂರುವುದು) ಪೂರ್ತಿ ಬಂದಿಲ್ಲ. ಮಾಸ್ಟರ್ ಇಬ್ಬರಿಂದ ಸೊಂಟ ಒತ್ತಿಸುತ್ತಾರೆ. ತೊಡೆಸಂದಿಯಲ್ಲಿ ಚುಚ್ಚಿದಂತಾಗುತ್ತದೆ. ಸಹಿಸಿಕೊಳ್ಳಬೇಕೇ?

ಬೇಡ. ಇವತ್ತೇ ನಿಲ್ಲಿಸಿ. ತೊಡೆಯ ಒಳಭಾಗದಲ್ಲಿ ಸ್ನಾಯು ಎಳೆದಂತಾದರೆ ಅದು ಹಿಗ್ಗುವ ಜಾಗ. ಸೊಂಟದ ಮುಂಭಾಗದಲ್ಲಿ, ಮಡಿಕೆಯ ಆಳದಲ್ಲಿ, ಚುಚ್ಚಿದಂತಾದರೆ ಮೂಳೆಗೆ ಮೂಳೆ ತಾಗುತ್ತಿರಬಹುದು. ಸೊಂಟದ ಗೂಡಿನ ಆಳ, ತೊಡೆಮೂಳೆಯ ಕುತ್ತಿಗೆಯ ಕೋನ ಒಬ್ಬೊಬ್ಬರಿಗೆ ಒಂದೊಂದು ಥರ, ಮೂಳೆ ಹಿಗ್ಗುವುದಿಲ್ಲ. ಇಬ್ಬರು ಕೂತು ಒತ್ತುವುದು ತರಬೇತಿಯೇ ಅಲ್ಲ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಸ್ನಾಯು ತಾನು ಅಂಟಿರುವ ಮೂಳೆಯ ಚೂರನ್ನೇ ಕಿತ್ತುಕೊಂಡು ಬರಬಹುದು.

ಹೋರಾಟಕ್ಕೆ ಬೇಕಾದದ್ದು ನೆಲಕ್ಕೆ ಕೂರುವ ಸ್ಪ್ಲಿಟ್ ಅಲ್ಲ, ಕೈ ಹಿಡಿಯದೆ ಕಾಲು ಎಷ್ಟು ಎತ್ತರಕ್ಕೆ ಏರಿ ನಿಲ್ಲುತ್ತದೆ ಎಂಬುದು. ಗೋಡೆಗೆ ಒಂದು ಕೈ ಊರಿ, ಇನ್ನೊಂದು ಕೈಯಿಂದ ಕಾಲನ್ನು ಪಕ್ಕಕ್ಕೆ ಎತ್ತಿ, ಕೈ ಬಿಡಿ. ಕಾಲು ಒಂದಡಿ ಕುಸಿದರೆ ನಿಮಗೆ ಕಡಿಮೆ ಇರುವುದು ಬಲ. ಕೈ ಬಿಟ್ಟ ಎತ್ತರದಲ್ಲೇ ಐದು ಸೆಕೆಂಡ್ ನಿಲ್ಲಿಸುವುದು, ಒಂದು ಕಾಲಿಗೆ ಆರು ಸಲ, ವಾರಕ್ಕೆ ಮೂರು ದಿನ. ಸ್ನಾಯು ಹಿಗ್ಗಿಸಲು ಮೈ ಬಿಸಿಯಾದ ಮೇಲೆ, ತರಗತಿಯ ಕೊನೆಯಲ್ಲಿ: ಕಾಲು ಅಗಲಿಸಿಕೊಂಡು ಆರು ಸೆಕೆಂಡ್ ನೆಲವನ್ನು ಕಾಲಿನಿಂದ ಒತ್ತಿ, ಸಡಿಲ ಬಿಟ್ಟು, ಮೂವತ್ತು ಸೆಕೆಂಡ್ ಇನ್ನು ಸ್ವಲ್ಪ ಅಗಲಿಸಿ, ಇದು ಮೂರು ಸಲ. ಏಟು ಹೊಡೆಯುವ ಮೊದಲು ಒಂದೊಂದು ಸ್ನಾಯುವನ್ನು ನಿಮಿಷಗಟ್ಟಲೆ ಎಳೆದು ಹಿಡಿದರೆ ಆ ಹೊತ್ತಿನ ರಭಸ ಕುಗ್ಗುತ್ತದೆ. ಆಗ ಕಾಲು ಬೀಸುವುದು ಸಾಕು, ಪ್ರತಿ ದಿಕ್ಕಿಗೆ ಹತ್ತು ಸಲ, ಮೊದಲು ತಗ್ಗಾಗಿ. ಪಕ್ಕದ ಒದೆತಕ್ಕೆ ನಿಂತ ಕಾಲಿನ ಹಿಮ್ಮಡಿ ಗುರಿಯತ್ತ ತಿರುಗಲೇಬೇಕು. ಪಾದ ಮುಂದಕ್ಕೇ ನೆಟ್ಟಿದ್ದರೆ ತಿರುವೆಲ್ಲ ಮಂಡಿಯ ಮೇಲೆ ಬೀಳುತ್ತದೆ.

ಪ್ರಶ್ನೆ: ನಡುಕ ಹೋಗಲು ಪ್ರೊಪ್ರಾನಲಾಲ್ ಮಾತ್ರೆ ತೆಗೆದುಕೊಳ್ಳಬಹುದೇ?

ವೈದ್ಯರು ಬರೆದುಕೊಡದೆ ಮುಟ್ಟಬೇಡಿ. ಅಸ್ತಮಾ ಇರುವವರಿಗೆ ಅದು ಪ್ರಾಣಕ್ಕೇ ಕುತ್ತು.

ಪ್ರಶ್ನೆ: ಮರ್ಮಸ್ಥಾನ ಮುಟ್ಟಿ, ಅಥವಾ ಮುಟ್ಟದೆಯೇ, ಬೀಳಿಸುವುದು ಸಾಧ್ಯವೇ?

ಮುಟ್ಟದೆ ಬೀಳುವುದು ಹಾಗೆ ಮಾಡಿ ತೋರಿಸುವ ಗುರುಗಳ ಶಿಷ್ಯರು ಮಾತ್ರ. ಒಪ್ಪದವನ ಮೇಲೆ, ಅವನು ಅಲುಗಾಡುತ್ತಿರುವಾಗ, ಮಾಡಿ ತೋರಿಸಲಿ ಎನ್ನಿ. ಮರ್ಮಸ್ಥಾನ ಮುಟ್ಟುವುದನ್ನೂ ನೆಚ್ಚಬೇಡಿ: ಎದುರಾಳಿಗೂ ಅಡ್ರಿನಲಿನ್ ಏರಿರುತ್ತದೆ, ನೋವು ಮಂಕಾಗಿರುತ್ತದೆ.

ಪ್ರಶ್ನೆ: ಉಸಿರು ತಡೆಯುವ ಮಾಸ್ಕ್ ಹಾಕಿ ಓಡಿದರೆ ಬೆಟ್ಟದ ಎತ್ತರದಲ್ಲಿ ತಾಲೀಮು ಮಾಡಿದಂತೆಯೇ?

ಇಲ್ಲ. ಗಾಳಿಯ ಒತ್ತಡ ಇಳಿಯುವುದಿಲ್ಲ, ಉಸಿರಾಟ ಕಷ್ಟವಾಗುತ್ತದೆ ಅಷ್ಟೆ.

ಪ್ರಶ್ನೆ: ಕೈ ಗಟ್ಟಿಯಾಗಲು ದಿನಾ ಗೋಡೆಗೆ ಗುದ್ದುತ್ತೇನೆ. ಬೆರಳು ಊದಿಕೊಂಡಿದೆ. ಎಷ್ಟು ದಿನ ಬಿಡಬೇಕು?

ಗೋಡೆಯನ್ನು ಶಾಶ್ವತವಾಗಿ ಬಿಡಿ. ಊತ ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ಅಥವಾ ಮುಷ್ಟಿ ಕಟ್ಟಿದಾಗ ಒಂದು ಗೆಣ್ಣು ಒಳಗೆ ಕುಸಿದಂತೆ ಕಂಡರೆ, ಎಕ್ಸ್‌ರೇ ತೆಗೆಸಿ.